ಸಿಪಾಯಿ ಕಟ್ಟಿದ ಚೀಟಿಗಳ ಪುಸ್ತಕ

ಕೆಳಮನೆಯಿಂದ ಹಾಲು ಸೀದ ವಾಸನೆ ಮೆಟ್ಟಿಲು ಹತ್ತಿ ಬಂತು. ಆ ವಾರ ಅದು ಮೂರನೆಯ ಸಲ.

ಮಹಡಿಯ ಮನೆಯಿಂದ ನಾನು ಇಳಿದು ಹೋಗುವಷ್ಟರಲ್ಲಿ ಸಿಪಾಯಿಯ ಹೆಂಡತಿ ಒಲೆ ಆರಿಸಿದ್ದಳು. ಸಿಪಾಯಿ ಒಲೆಯ ಪಕ್ಕದಲ್ಲೇ ಚಮಚ ಹಿಡಿದು ನಿಂತಿದ್ದ. ಪಾತ್ರೆಯ ತಳ ಕರಕಲಾಗಿತ್ತು. ಬೆಳಗಿನ ಬಿಸಿಲಿನಲ್ಲಿ ಹೊಗೆ ನಿಧಾನವಾಗಿ ಸುರುಳಿ ಸುತ್ತುತ್ತಿತ್ತು. ಅವನೂ ಆ ಹೊಗೆಯೊಳಗೆ ಎಲ್ಲೋ ದೂರ ನಡೆದುಬಿಟ್ಟವನ ಹಾಗೆ ಕಂಡ.

"ರೀ, ಹಾಲು ನೋಡ್ಕೊಳ್ಳಿ ಅಂದಿದ್ನಲ್ಲ?"

"ನೋಡ್ತಾನೇ ಇದ್ದೆ," ಎಂದ. ಅದು ಸುಳ್ಳಲ್ಲ. ನೋಡುತ್ತಲೇ ಇದ್ದ.

ಅವನ ತಾಯಿ ಮಂಚದ ಮೇಲಿಂದಲೇ, "ಸೈನ್ಯದಲ್ಲಿ ಕೂತಲ್ಲಿಗೇ ಊಟ ಬರ್ತಿತ್ತೇನೋ. ಸಾಹೇಬರಿಗೆ ಇನ್ನೂ ಆ ಗತ್ತು ಇಳಿದಿಲ್ಲ," ಎಂದರು. ಹೀಗಂದವರೇ ಎದ್ದು ಬಂದು, ಮಗನ ಕೈಯಿಂದ ಚಮಚ ಬಿಡಿಸಿಕೊಂಡು, ಬಿಸಿ ತಾಗಿದೆಯೇ ಎಂದು ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

ಅವನು ಸೈನ್ಯದಲ್ಲಿ ಒಂಬತ್ತು ವರ್ಷ ಲಾರಿ ಓಡಿಸಿದವನು. ನಾಲ್ಕು ವರ್ಷದ ಹಿಂದೆ ಮನೆಗೆ ಬಂದು, ತೀರಿಹೋದ ತಂದೆಯ ಪುಸ್ತಕ ಕಟ್ಟುವ ಅಂಗಡಿಯನ್ನು ಮತ್ತೆ ತೆರೆದ. ಅಂಗಡಿ ಎಂದರೆ ಮನೆಯ ಬೀದಿ ಬದಿಯ ಕೋಣೆಯೇ. ಕಾಗದದ ಧೂಳು, ಗೋಂದಿನ ಹುಳಿ ವಾಸನೆ, ಅರ್ಧ ಎಳೆದ ಷಟರ್. ಬೆಳಕು ಹೆಚ್ಚಾದರೆ ಅವನಿಗೆ ತಲೆ ಸಿಡಿಯುತ್ತಿತ್ತು. ಕಾಗದ ಕತ್ತರಿಸುವ ಕಟ್ಟರ್ ಧಡ್ ಎಂದರೆ ಬೆಚ್ಚಿಬಿದ್ದು ಕೂಗಾಡುತ್ತಿದ್ದ. ಆಮೇಲೆ ಮೂಲೆಯಲ್ಲಿ ಕುಳಿತು ತನ್ನ ಕೈಗಳನ್ನೇ ನೋಡುತ್ತಿದ್ದ. ಹೊಲಿಗೆ ಅಚ್ಚುಕಟ್ಟು, ರಟ್ಟು ಸೊಗಸು, ಆದರೆ ಹಾಳೆಗಳು ಹಿಂದುಮುಂದಾಗುತ್ತಿದ್ದವು. ಶಾಲೆಯವರು ಹಾಜರಿ ಪುಸ್ತಕಗಳನ್ನು ವಾಪಸು ಕಳಿಸಿದ್ದರು. ನನ್ನ ಕಾಲೇಜು ದಿನಗಳ ಒಂದು ಹಳೆಯ ಪುಸ್ತಕವನ್ನೂ ಕಟ್ಟಿಕೊಟ್ಟಿದ್ದ. ಅದರಲ್ಲಿ ನಲವತ್ತೆಂಟನೆಯ ಪುಟವಾದ ಮೇಲೆ ತೊಂಬತ್ತೇಳು ಬರುತ್ತದೆ. "ಬಹಳ ಚೆನ್ನಾಗಿದೆ ಕಣಪ್ಪ," ಎಂದು ಹೇಳಿ ನಾನು ಕಪಾಟಿನಲ್ಲಿಟ್ಟುಬಿಟ್ಟೆ. ಅವನ ಮನಸ್ಸು ನೋಯಿಸುವುದೇಕೆ ಎಂದು.

ಆ ಅಂಗಡಿಯಲ್ಲಿ ತಂದೆಯ ಕಾಲದಿಂದಲೂ ಒಂದು ಪದ್ಧತಿಯಿದೆ. ಕೆಲಸ ಯಾವುದೇ ಬರಲಿ, ಒಂದು ಚೀಟಿ, ಚೀಟಿಯ ಮೂಲೆಯಲ್ಲಿ ತಾರೀಖು. ಹೆಂಡತಿ ಅದನ್ನೇ ಅಡುಗೆಮನೆಗೂ ತಂದಿದ್ದಳು. ಕಟ್ಟರ್‌ನಿಂದ ಬಿದ್ದ ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ಬರೆದು ಗೋಡೆಗೆ ಅಂಟಿಸುತ್ತಿದ್ದಳು. "ಒಲೆ ಆರಿಸಿ." "ಬೀಗದ ಕೈ ಮೊಳೆಯಲ್ಲಿದೆ." "ಅಮ್ಮನ ಮಾತ್ರೆ ಕೊಟ್ಟಾಯಿತು, ಮತ್ತೆ ಕೊಡಬೇಡಿ." "ಇವತ್ತು ಬುಧವಾರ." ಫ್ಯಾನ್ ಹಾಕಿದರೆ ಗೋಡೆಗೆ ಗೋಡೆಯೇ ಎಲೆಗಳ ಹಾಗೆ ಪಿಸುಗುಟ್ಟುತ್ತಿತ್ತು. ಹಳೆಯ ಚೀಟಿಯನ್ನೂ ಅವಳು ಎಸೆಯುತ್ತಿರಲಿಲ್ಲ. ಕಾಗದದಿಂದ ಬದುಕುವವರಿಗೆ ಕಾಗದ ಎಸೆಯಲು ಕೈ ಬರುವುದಿಲ್ಲ. ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ಮಂಚದ ಕೆಳಗಿಡುತ್ತಿದ್ದಳು.

ಎದುರುಮನೆಯ ನರ್ಸಮ್ಮ ಪ್ರತಿ ಶನಿವಾರ ಅಜ್ಜಿಯ, ಅಂದರೆ ಸಿಪಾಯಿಯ ತಾಯಿಯ, ಬಿಪಿ ನೋಡಲು ಬರುತ್ತಾಳೆ. ಅವಳು ಬರುವ ಮೊದಲು ಹೆಂಡತಿ ಚೀಟಿಗಳನ್ನೆಲ್ಲ ಕಿತ್ತು ಗೋಡೆ ಒರೆಸುತ್ತಿದ್ದಳು, ಅವಳು ಹೋದ ಮೇಲೆ ಮತ್ತೆ ಅಂಟಿಸುತ್ತಿದ್ದಳು. ಹಾಲು ಸೀದ ವಾರದ ಶನಿವಾರ ಡಬ್ಬಿ ಹಿಡಿದುಕೊಂಡು ನಿಂತವಳು ನಾನೇ.

ನರ್ಸಮ್ಮ ಅಜ್ಜಿಯ ತೋಳಿಗೆ ಪಟ್ಟಿ ಸುತ್ತುತ್ತಾ ಗೋಡೆಯ ಕಡೆ ನೋಡಿದಳು. "ಏನಕ್ಕಾ, ನಿಮ್ಮ ಗೋಡೆಗೆ ಸಿಡುಬು ಎದ್ದ ಹಾಗಿದೆ? ಚೌಕ ಚೌಕ ಗುರುತು?"

"ಹಳೇ ಸುಣ್ಣ," ಎಂದಳು ಹೆಂಡತಿ.

ನರ್ಸಮ್ಮ ಎದ್ದು ಹೋಗಿ ಬೆರಳಿನಿಂದ ಮುಟ್ಟಿದಳು. "ಹಳೇ ಸುಣ್ಣಕ್ಕೆ ಹಸಿ ಗೋಂದು ಯಾಕೆ ಅಂಟಿದೆ?"

ನಾನು ಡಬ್ಬಿಯನ್ನು ಸೆರಗಿನ ಹಿಂದೆ ಸರಿಸಿದೆ. ಕೊನೆಗೆ ಅಜ್ಜಿಯೇ, "ತೆಗೆದು ತೋರಿಸೇ. ಎಷ್ಟು ದಿನ ಅಂತ ಮುಚ್ಚಿಡ್ತೀಯ," ಎಂದರು. ಹೆಂಡತಿ ಡಬ್ಬಿಗಳನ್ನು ಎಳೆದಳು. ನಾಲ್ಕು ಡಬ್ಬಿ. ನರ್ಸಮ್ಮ ನೆಲದ ಮೇಲೆ ಕುಳಿತು ಒಂದೊಂದೇ ಚೀಟಿ ಓದಿದಳು. ಮೊದಲು ನಗುತ್ತಿದ್ದವಳು ಬರಬರುತ್ತಾ ತಾರೀಖುಗಳನ್ನು ಬೆರಳಿಟ್ಟು ನೋಡತೊಡಗಿದಳು.

"ಸಿಪಾಯಣ್ಣ, ಸೈನ್ಯದಲ್ಲಿ ತಲೆಗೆ ಪೆಟ್ಟಾಗಿತ್ತಾ?"

"ಇಲ್ಲಮ್ಮ. ಲಾರಿ ಕೆಳಗೆ ಏನೋ ಸಿಡೀತು. ನನಗೊಂದು ಗೀರೂ ಬೀಳಲಿಲ್ಲ."

"ಆಮೇಲೆ?"

ಅವನು ಹಣೆ ಉಜ್ಜಿಕೊಂಡ. "ಆಮೇಲೆ... ಒಂದು ಹಳದಿ ಡೇರೆ. ಅದರೊಳಗೆ ಬೆಳಕೆಲ್ಲ ಜೇನಿನ ಬಣ್ಣ. ಅಷ್ಟೇ ನೆನಪು. ಚೆನ್ನಾಗಿತ್ತು ಅದು."

"ಹೊರಗೆ ಗೀರಿಲ್ಲದಿದ್ರೂ ಬುರುಡೆ ಒಳಗೆ ಮಿದುಳು ಅಲುಗಾಡಿ ಪೆಟ್ಟಾಗಿರಬಹುದು ಅಣ್ಣ. ನಾನು ಕೆಲಸ ಮಾಡೋದೇ ತಲೆಗಾಯದ ವಾರ್ಡಲ್ಲಿ. ಮರೆವು, ತಲೆನೋವು, ಬೆಳಕು ಶಬ್ದ ತಡೆಯಕ್ಕಾಗಲ್ಲ, ಮೂಗಿನ ತುದೀಲೇ ಕೋಪ. ಕೆಲವರಿಗೆ ಸ್ಕ್ಯಾನಲ್ಲೂ ಕಾಣಲ್ಲ. ನಿಮಗೂ ಅದೇ ಅಂತ ನಾನು ಹೇಳೋ ಹಾಗಿಲ್ಲ, ಡಾಕ್ಟರೇ ಹೇಳಬೇಕು. ಸೈನ್ಯದ ಆಸ್ಪತ್ರೇಲಿ ಇದಕ್ಕೇ ಅಂತ ತರಬೇತಿ ವಿಭಾಗ ಇದೆ. ಅಂಗವೈಕಲ್ಯದ ಅರ್ಜಿ ಒಪ್ಪಿದ್ರೆ ಅಲ್ಲಿ ಸೇರಿಸ್ಕೊಳ್ತಾರೆ, ಪಿಂಚಣೀನೂ ಬರುತ್ತೆ. ನೀವು ಅರ್ಜಿ ಹಾಕೇ ಇಲ್ವಾ?"

"ನಾನು ಹಾಕಲ್ಲ." ಸಿಪಾಯಿಯ ದನಿ ಗಟ್ಟಿಯಾಯಿತು. "ಕಾಲು ಕಳ್ಕೊಂಡವರಿದ್ದಾರೆ, ಕಣ್ಣು ಕಳ್ಕೊಂಡವರಿದ್ದಾರೆ. ಅವರ ಪಾಲು ನಾನು ತಿನ್ನಲಾ?"

"ಅವರ ತಟ್ಟೆಯಿಂದ ತೆಗೆದು ನಿಮಗೆ ಬಡಿಸಲ್ಲ ಅಣ್ಣ. ಅವರ ತಟ್ಟೆ ಅವರಿಗೆ, ನಿಮ್ಮದು ನಿಮಗೆ."

"ಸೈನ್ಯದಿಂದ ಬಿಡುಗಡೆಯಾದ ದಿನ 'ಯಾವ ತೊಂದರೆಯೂ ಇಲ್ಲ' ಅಂತ ನಾನೇ ಸಹಿ ಹಾಕಿದ್ದೀನಿ."

"ಯಾಕೆ ಹಾಕಿದ್ರಿ?"

"ತೊಂದರೆ ಇದೆ ಅಂದವರನ್ನ ಇನ್ನೂ ಎರಡು ವಾರ ಉಳಿಸ್ಕೊಳ್ತಿದ್ರು." ಹೆಂಡತಿಯ ಕಡೆ ನೋಡದೆಯೇ ಹೇಳಿದ. "ಇವಳು ಸ್ಟೇಷನ್‌ಗೆ ಬಂದು ಕಾಯ್ತೀನಿ ಅಂದಿದ್ಲು."

ಹೆಂಡತಿ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸತೊಡಗಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ.

"ಹಾಗೆ ಸಹಿ ಹಾಕಿದವರು ಬೇಕಾದಷ್ಟು ಜನ ಇದ್ದಾರೆ," ಎಂದಳು ನರ್ಸಮ್ಮ. "ಅಲ್ಲಿಗೆ ಬಾಗಿಲು ಮುಚ್ಚಿಹೋಯ್ತು ಅಂದ್ಕೋಬೇಡಿ. ಕಚೇರಿಗೆ ಹೋಗಿ ಕೇಳೋಣ."

ಈಗ ಅಜ್ಜಿ ಎದ್ದು ಕುಳಿತರು. "ಹುಚ್ಚ ಅಂತ ಬರೆದುಬಿಟ್ರೆ? ನನ್ನ ಮಗನಿಗೆ ಅಂಥ ಕಾಗದ ಬೇಡವೇ ಬೇಡ."

"ಅಜ್ಜಿ, ಹೋದ ವರ್ಷ ನಿಮ್ಮ ಕೈ ಮುರೀತು. ಆಸ್ಪತ್ರೇಲಿ ಏನು ಬರೆದ್ರು?"

"ಕೈ ಮುರಿದಿದೆ ಅಂತ."

"ಇಲ್ಲೂ ಅಷ್ಟೇ. ತಲೆಗೆ ಪೆಟ್ಟಾಗಿದೆ ಅಂತ. ಈಗ ಕಾಗದ ಇಲ್ಲದೇನೇ ಜನ ಏನಂತಾರೆ ಇವರಿಗೆ?"

"ಸೋಮಾರಿ ಅಂತಾರೆ," ಎಂದರು ಅಜ್ಜಿ ಮೆಲ್ಲಗೆ. "ನಾನೇ ಅಂತೀನಿ."

ಸೋಮವಾರ ನಾವು ಮೂವರು ಮಾಜಿ ಸೈನಿಕರ ಕಚೇರಿಗೆ ಹೋದೆವು, ಸಿಪಾಯಿ, ಅವನ ಹೆಂಡತಿ, ನಾನು. ಮೇಜಿನ ಹಿಂದಿದ್ದ ಗುಮಾಸ್ತೆ, ಸಿಪಾಯಿ ಕಣ್ಣಿಗೆ ಕೈ ಅಡ್ಡ ಹಿಡಿದದ್ದನ್ನು ಕಂಡಳು. ಏನೂ ಕೇಳದೆ ಎದ್ದು ಹೋಗಿ ಅವನ ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ ಬಂದಳು. ಅರ್ಧ ಕತ್ತಲಲ್ಲೇ ಕಣ್ಣು ಕಿರಿದು ಮಾಡಿಕೊಂಡು ನಮಗೆ ಎಲ್ಲವನ್ನೂ ವಿವರಿಸಿದಳು.

"ಅಲ್ಲಿ ಏನಾಯ್ತು ಅನ್ನೋದಕ್ಕೆ ಒಂದು ಪುರಾವೆ ಬೇಕು. ಈಗ ಏನಾಗ್ತಿದೆ ಅಂತ ಡಾಕ್ಟರ ಪತ್ರ ಬೇಕು. ಅದರಿಂದಲೇ ಇದಾಗಿದೆ ಅಂತಲೂ ಅವರೇ ಬರೀಬೇಕು. ನಿಮ್ಮ ಸೇವಾ ದಾಖಲೆ, ನೀವು ಹೇಳಿದ ಆ ಹಳದಿ ಡೇರೆಯ ಆಸ್ಪತ್ರೆಯ ಕಾಗದ, ಎರಡನ್ನೂ ತರಿಸೋಕೆ ಇವತ್ತೇ ಬರೆದುಕೊಡಿ. ಜೊತೇಲಿದ್ದವರು ಯಾರಾದ್ರೂ ಕಣ್ಣಾರೆ ಕಂಡದ್ದನ್ನ ಬರೆದುಕೊಟ್ಟರೆ ಅದಕ್ಕೂ ಬೆಲೆ ಇದೆ. ಮನೆಯವರದ್ದಕ್ಕೂ ಇದೆ, ಅಕ್ಕಪಕ್ಕದವರದ್ದಕ್ಕೂ ಇದೆ. ಇನ್ನೊಂದು ಮಾತು. ಹೊರಗೆ ಗೇಟಿನ ಹತ್ತಿರ 'ನಾನು ಮಾಡಿಸಿಕೊಡ್ತೀನಿ' ಅಂತ ಬರೋರ ಕೈಗೆ ಕಾಗದ ಕೊಡಬೇಡಿ. ಅರ್ಜಿ ತುಂಬೋಕೆ ನಾವೇ ಇದ್ದೀವಿ."

ಅಕ್ಕಪಕ್ಕದವರದ್ದಕ್ಕೂ ಎಂದಾಗ ನನ್ನ ಕಪಾಟಿನ ಪುಸ್ತಕ ನೆನಪಾಯಿತು. ಹೆಂಡತಿ ಚೀಟಿ ಕಿತ್ತಿದ್ದು ಮರ್ಯಾದೆಗೆ. ನಾನು ಸುಮ್ಮನಿದ್ದದ್ದು ದಾಕ್ಷಿಣ್ಯಕ್ಕೆ. ಅವನು ಸಹಿ ಹಾಕಿದ್ದು ಪ್ರೀತಿಗೆ. ನಾವೆಲ್ಲ ಒಳ್ಳೆಯವರಾಗಿಯೇ ಸೇರಿಕೊಂಡು ಅವನ ಗಾಯವನ್ನು ಅಷ್ಟು ವರ್ಷ ಮುಚ್ಚಿಟ್ಟಿದ್ದೆವು. ಆ ಸಂಜೆ ನಲವತ್ತೆಂಟು, ತೊಂಬತ್ತೇಳರ ವಿಷಯವನ್ನು ಇದ್ದದ್ದು ಇದ್ದ ಹಾಗೆ ಬರೆದು ಸಹಿ ಹಾಕಿದೆ. ಬರೆದದ್ದನ್ನು ಮೊದಲು ಅವನಿಗೇ ಓದಿ ಹೇಳಿದೆ.

"ಗೊತ್ತಿತ್ತು ದೊಡ್ಡಮ್ಮ," ಎಂದ. "ನೀವು ಚೆನ್ನಾಗಿದೆ ಅಂದಾಗ್ಲೇ ಗೊತ್ತಾಯ್ತು. ನೀವು ಯಾವತ್ತೂ ತಪ್ಪು ಹುಡುಕದೆ ಬಿಟ್ಟವರಲ್ಲ."

ಲಾರಿಯಲ್ಲಿ ಅವನ ಪಕ್ಕ ಕುಳಿತಿದ್ದ ಜೊತೆಗಾರ ಈಗ ಬೇರೆ ಊರಿನಲ್ಲಿ ಬಸ್ಸು ಓಡಿಸುತ್ತಾನೆ. ಹೆಂಡತಿ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಿನಗೆ ಏನೂ ಆಗಿಲ್ವಾ? ಲೋ, ಎರಡು ದಿನ ನಿನ್ನ ಹೆಸರೇ ನಿನಗೆ ಗೊತ್ತಿರಲಿಲ್ಲವಲ್ಲೋ! ನನ್ನನ್ನ 'ಅಪ್ಪಾ' ಅಂತಿದ್ದೆ. ಇಡೀ ಡೇರೆ ನಗ್ತಿತ್ತು."

"ನಾನಾ?"

"ಇನ್ಯಾರು? ನಿನ್ನ ಬೂಟಿನ ಲೇಸು ಕಟ್ಟಿದ್ದು ನಾನು. ಕಟ್ಟೋದೇ ಮರೆತು ಹೋಗಿತ್ತು ನಿನಗೆ. ಕಟ್ಟಿದ ಮೇಲೆ 'ಥ್ಯಾಂಕ್ಸ್ ಅಪ್ಪಾ' ಅಂದೆ." ಆ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. "ನೀನು ನೆನಪಿಟ್ಕೊಂಡಿಲ್ಲ ಅಂತ ನಾನೂ ಹೇಳಲಿಲ್ಲ ಕಣೋ. ಏನೇನು ಬೇಕು ಹೇಳು, ಎಲ್ಲಾ ಬರೆದು ಕಳಿಸ್ತೀನಿ."

ಸಿಪಾಯಿ ತನ್ನ ಕಾಲುಗಳ ಕಡೆ ನೋಡಿದ, ಅಲ್ಲಿ ಯಾರೋ ಇನ್ನೂ ಕುಕ್ಕರಗಾಲಿನಲ್ಲಿ ಕೂತಿದ್ದಾರೇನೋ ಎಂಬಂತೆ.

ಡಾಕ್ಟರು ಪರೀಕ್ಷೆ ಮಾಡಿ ಪತ್ರ ಕೊಟ್ಟರು. ಡೇರೆ ಆಸ್ಪತ್ರೆಯ ಕಾಗದವೂ ಎರಡು ತಿಂಗಳಿಗೆ ಬಂತು. ಇನ್ನು ಉಳಿದದ್ದು ಸೈನ್ಯದ ವೈದ್ಯರ ಮುಂದೆ ಹಾಜರಾಗುವುದು. ಹಿಂದಿನ ದಿನ ನರ್ಸಮ್ಮ ಬಂದಾಗ ಸಿಪಾಯಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ.

"ನಾಳೆ ಡಾಕ್ಟರು 'ಹೇಗಿದ್ದೀರಿ' ಅಂದ್ರೆ ಏನು ಹೇಳ್ತೀರಿ?"

ಅವನು ಎದ್ದು ನೆಟ್ಟಗೆ ನಿಂತ. "ಎಲ್ಲ ಸರಿ ಇದೆ ಸಾರ್!"

"ಮುಗೀತು!" ನರ್ಸಮ್ಮ ಹಣೆ ಚಚ್ಚಿಕೊಂಡಳು. "ಅಣ್ಣ, ಅದು ಪೆರೇಡ್ ಅಲ್ಲ. ನಿಮ್ಮ ಒಳ್ಳೇ ದಿನಾನ ಅವರಿಗೆ ತೋರಿಸಿ ಬಂದುಬಿಟ್ರೆ ಕೆಟ್ಟ ದಿನ ಅವರಿಗೆ ಹೇಗೆ ಗೊತ್ತಾಗಬೇಕು? ಹೆಚ್ಚು ಹೇಳೋದೂ ಬೇಡ, ಕಡಿಮೆ ಹೇಳೋದೂ ಬೇಡ."

"ಹೇಳೋಣ ಅಂದ್ರೆ ನೆನಪಾಗಲ್ಲವಲ್ಲ," ಎಂದ ಅವನು. ಆಮೇಲೆ ಡಬ್ಬಿಗಳ ಕಡೆ ನೋಡಿದ. ಎದ್ದು ಸೂಜಿ, ದಾರ, ಮೇಣ ತೆಗೆದ.

ಆ ಮಧ್ಯಾಹ್ನವೆಲ್ಲ ಅರ್ಧ ಎಳೆದ ಷಟರಿನ ಕೆಳಗಿಂದ ಬಂದ ಬಿಸಿಲು ನೆಲದ ಮೇಲೆ ಮಲಗಿತ್ತು. ಹೆಂಡತಿ ತಾರೀಖು ಓದಿ ಓದಿ ಜೋಡಿಸಿಕೊಟ್ಟಳು, ಅವನು ಹೊಲಿದ. ಅಜ್ಜಿ ದಾರಕ್ಕೆ ಮೇಣ ಸವರಿದರು. ನಾಲ್ಕು ವರ್ಷದ ಒಲೆಗಳು, ಬೀಗದ ಕೈಗಳು, ಬುಧವಾರಗಳು ಒಂದರ ಮೇಲೊಂದು ಕೂತು ಒಂದು ದಪ್ಪ ಪುಸ್ತಕವಾದವು. ಒಂದು ಚೀಟಿ ಮಾತ್ರ ತಲೆಕೆಳಗಾಗಿತ್ತು. ಬಿಚ್ಚಲು ಹೋದವನ ಕೈಯನ್ನು ಹೆಂಡತಿ ತಡೆದಳು. "ಇರಲಿ ಬಿಡಿ. ಅದೂ ನಿಜಾನೇ."

ಮರುದಿನ ಆದದ್ದನ್ನು ಅವಳೇ ನನಗೆ ಹೇಳಿದಳು. ಕುರ್ಚಿಯಲ್ಲಿ ಕೂರಿಸಿ ವೈದ್ಯರು ಕೇಳಿದರಂತೆ: "ಹೇಗಿದ್ದೀರಿ?"

"ಎಲ್ಲ ಸರಿ ಇದೆ ಸಾರ್!" ಒಂಬತ್ತು ವರ್ಷ ಪಳಗಿದ ಬಾಯಿ. ಹೇಳಿಯೇಬಿಟ್ಟಿತು.

ವೈದ್ಯರು ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಸಿಪಾಯಿಯ ಕೈ ಚೀಲದೊಳಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲಿಟ್ಟಿತು.

"ಸಾರ್, ಈಗ ಹೇಳಿದ್ದು ಅಭ್ಯಾಸಬಲ. ಸರಿ ಇಲ್ಲ. ಇದನ್ನ ಓದಿ."

ವೈದ್ಯರು ಪೆನ್ನು ಕೆಳಗಿಟ್ಟು ಓದಿದರು. ಅವಸರ ಮಾಡಲಿಲ್ಲ. ತಲೆಕೆಳಗಾದ ಹಾಳೆ ಬಂದಾಗ ಪುಸ್ತಕವನ್ನೇ ತಿರುಗಿಸಿ ಓದಿ, ಮತ್ತೆ ನೇರ ಮಾಡಿಕೊಂಡು ಮುಂದಿನ ಹಾಳೆಗೆ ಹೋದರು. ಆ ಹಾಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅಲ್ಲೇ ನನಗೆ ಅಳು ಬಂತು ದೊಡ್ಡಮ್ಮ," ಎಂದಳು ಅವಳು.

ಐದು ತಿಂಗಳ ಮೇಲೆ ಪತ್ರ ಬಂತು. ತಲೆಗಾಯ ಸೇವೆಯಲ್ಲಿ ಆದದ್ದೆಂದು ಒಪ್ಪಿದ್ದರು. ಈಗ ಅವನು ವಾರಕ್ಕೆ ಎರಡು ದಿನ ತರಬೇತಿಗೆ ಹೋಗುತ್ತಾನೆ. ಪೂರ್ತಿ ವಾಸಿಯಾಗಿಲ್ಲ, ಆಗುತ್ತದೆಂದು ಅಲ್ಲಿ ಯಾರೂ ಮಾತು ಕೊಟ್ಟಿಲ್ಲ. ಆದರೆ ಹಾಳೆ ಜೋಡಿಸುವಾಗ ಹೆಂಡತಿ ಪುಟ ಓದುತ್ತಾಳೆ, ಅವನು ಹೊಲಿಯುತ್ತಾನೆ, ಶಾಲೆಯ ಹಾಜರಿ ಪುಸ್ತಕಗಳು ಮತ್ತೆ ಬರುತ್ತಿವೆ. ನರ್ಸಮ್ಮ ಬಂದಾಗ ಯಾರೂ ಗೋಡೆ ಒರೆಸುವುದಿಲ್ಲ. ಅಜ್ಜಿ ಬೈಯುವುದನ್ನು ಬಿಟ್ಟಿಲ್ಲ, ಸೋಮಾರಿ ಎನ್ನುವುದನ್ನು ಮಾತ್ರ ಬಿಟ್ಟಿದ್ದಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ತಾಯಿ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸೈನ್ಯದಿಂದ ಬಂದವರೊಬ್ಬರು ಬೆಳಕಿಗೆ ಕಣ್ಣು ಮುಚ್ಚುತ್ತಿದ್ದರೆ, ಒಲೆಯ ಮುಂದೆ ನಿಂತೂ ಹಾಲು ಉಕ್ಕಿಸುತ್ತಿದ್ದರೆ, ಬೈಯುವ ಮೊದಲು ಒಂದು ಮಾತು ಕೇಳಿ: ಅಲ್ಲಿ ನಿನಗೇನಾಯಿತು? ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ ದಿನವೂ ಆಗುವುದನ್ನು ತಾರೀಖು ಹಾಕಿ ಬರೆದಿಡಿ. ಜೊತೆಯಲ್ಲಿದ್ದವರಿಗೆ ಫೋನು ಮಾಡಿ. ನಿಮ್ಮ ಕಡೆಯ ನಿಯಮ ಏನೆಂದು ಮಾಜಿ ಸೈನಿಕರ ಕಚೇರಿಯಲ್ಲೇ ಕೇಳಿ ಅರ್ಜಿ ಹಾಕಿ. ಒಂದು ಸಲ ಇಲ್ಲ ಎಂದರೆ ಮೇಲ್ಮನವಿಗೆ ದಾರಿಯಿದೆಯೇ, ಅದಕ್ಕೆ ಎಷ್ಟು ದಿನದ ಗಡುವು ಎಂದೂ ಕೇಳಿ. ಅದು ಭಿಕ್ಷೆಯಲ್ಲ, ಅವರ ಹಕ್ಕು.

ನೀವು ಪಕ್ಕದ ಮನೆಯವರಾಗಿದ್ದರೆ, ಕಂಡದ್ದನ್ನು ಕಂಡ ಹಾಗೆ ಬರೆದುಕೊಡಿ. ನನ್ನ ಹಾಗೆ ಕಪಾಟಿನಲ್ಲಿ ಇಟ್ಟುಬಿಡಬೇಡಿ.