ಬಾಗಿಲಿಗೆ ಒತ್ತಾಗಿದ್ದ ಕಲ್ಲು

ಗರಗಸ ನಿಂತಿತು. ಕೊಯ್ಯುವವನು ಮುಚ್ಚಳ ಎತ್ತಿ, ಎಣ್ಣೆ ತೊಟ್ಟಿಕ್ಕುತ್ತಿದ್ದ ಕಲ್ಲನ್ನು ಒರೆಸಿ, ಮೂಲೆಯಿಂದ ಕೊಯ್ದ ಚೂರನ್ನು ಮಗಳ ಕೈಗಿಟ್ಟ. ಸ್ಟೂಲಿನ ಮೇಲೆ ಕೂತಿದ್ದ ತಾಯಿ ಚೂರನ್ನು ನೋಡಲಿಲ್ಲ, ಮಗಳ ಮುಖ ನೋಡಿದಳು.

"ಬರೀ ತೂತು, ಅಮ್ಮ," ಎಂದಳು ಮಗಳು. ಈ ಪ್ರಯೋಗಾಲಯದಲ್ಲಿ ಕಲ್ಲುಗಳನ್ನು ಪರೀಕ್ಷಿಸುವುದೇ ಅವಳ ಕೆಲಸ. "ಕುಲುಮೆಯಿಂದ ಬಿಸಾಡೋ ಕಿಟ್ಟ ಹೀಗೇ ಇರುತ್ತೆ."

ಬಾವಿ ತೋಡುತ್ತಿದ್ದ ಅವಳ ಅಪ್ಪ ಆ ಕಲ್ಲನ್ನು ಮಣ್ಣಿನಿಂದೆತ್ತಿ ಹೊತ್ತು ತಂದಿದ್ದ. ಗಾತ್ರಕ್ಕೂ ತೂಕಕ್ಕೂ ತಾಳೆಯೇ ಇರಲಿಲ್ಲ. ಇದು ನಮ್ಮ ನೆಲದ್ದಲ್ಲ, ಮೇಲಿಂದ ಬಿದ್ದದ್ದು ಎಂದು ಸಾಯುವವರೆಗೂ ಹೇಳಿದ. ಜನ ಮುಸಿಮುಸಿ ನಕ್ಕು ಅವನಿಗೆ ಆಕಾಶರಾಯ ಎಂದು ಹೆಸರಿಟ್ಟರು. "ನಾಳೆ ಚಂದ್ರನನ್ನೂ ಹೊತ್ತು ತಾ ಅಪ್ಪ," ಎಂದು ಓದು ಕಲಿತ ಮಗಳೂ ಚುಚ್ಚಿದ್ದಳು. ಅವನು ಹೋದ ಮೇಲೆ ಕಲ್ಲು ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿ ಕೂತಿತು. ತಾಯಿ ಮಗುವನ್ನು ಮೀಯಿಸುವಂತೆ ದಿನಾ ಅದನ್ನು ಬಾವಿ ನೀರಲ್ಲಿ ತೊಳೆಯುತ್ತಿದ್ದಳು. ಒಮ್ಮೆ ಕೊಯ್ದು ನೋಡಿಬಿಡು ಎಂದು ಹಠ ಹಿಡಿದವಳೂ ಅವಳೇ.

"ಸಾಕು ಬಿಡಮ್ಮ. ಒಂದು ಮೂಲೆ ತಾನೇ ಹೋಗಿದ್ದು. ಮನೆಗೆ ತಗೊಂಡು ಹೋಗೋಣ."

ತಾಯಿ ಏಳಲಿಲ್ಲ. "ಇಷ್ಟೊಂದು ಎಣ್ಣೆ ಯಾಕಪ್ಪ ಸುರೀತೀಯ? ನೀರು ಸಾಲದಾ?"

ಉತ್ತರ ಮಗಳಿಂದ ಬಂತು. "ಕಬ್ಬಿಣ ಇರೋದಕ್ಕೆ ನೀರು ಆಗಲ್ಲಮ್ಮ. ತುಕ್ಕು ಹಿಡಿದು, ನಡುವೆ ಹರಳೇನಾದ್ರೂ ಇದ್ರೆ ಉದುರಿಹೋಗಿ ಬರೀ ತೂತು..."

"ನಮ್ಮ ಬಾವಿ ನೀರು ಉಪ್ಪು," ಎಂದಳು ತಾಯಿ ಮೆಲ್ಲಗೆ.

ಮಗಳು ಚೂರನ್ನು ಮತ್ತೆ ತಿರುಗಿಸಿ ನೋಡಿದಳು. ಕೊಯ್ಯುವವನು ತಲೆ ಕೆರೆದುಕೊಂಡ.

"ಹಾಗಾದ್ರೆ ನೀರು ತಾಗದ ನಡುವೆ ಕೊಯ್ದು ನೋಡ್ಬೇಕು, ದೊಡ್ಡಮ್ಮ. ಅಲ್ಲೂ ಹೀಗೇ ಇದ್ರೆ ಎರಡು ಹೋಳು ಆಗುತ್ತೆ. ಎರಡು ಬಾಗಿಲಿಗಾಯ್ತು."

"ಕೊಯ್ದರೆ ಮತ್ತೆ ಕೂಡಿಸೋಕಾಗಲ್ಲ," ಎಂದಳು ಮಗಳು. "ಅಪ್ಪನದು ಅಂತ ಉಳಿದಿರೋದು ಇದೊಂದೇ."

"ಕಲ್ಲೊಂದೇ ಅಲ್ಲ, ಅವರ ಮಾತೂ ಉಳಿದಿದೆ. ನೀನು ಕೊಯ್ಯಪ್ಪ."

ಗರಗಸ ಕಿರುಚಿತು. ಅರ್ಧ ದಾರಿಯಲ್ಲಿ ಅದರ ದನಿ ಕುಗ್ಗಿ ನರಳತೊಡಗಿದಾಗ ತಾಯಿ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೋಣೆಯ ತುಂಬ ಬಿಸಿ ಎಣ್ಣೆಯ ವಾಸನೆ. ಕಲ್ಲು ಹೋಳಾದ ಮೇಲೂ ಕೊಯ್ಯುವವನು ನಿಲ್ಲಿಸಲಿಲ್ಲ. ನಡುವಿನಿಂದ ತೆಳ್ಳಗಿನ ಒಂದು ಬಿಲ್ಲೆ ತೆಗೆದುಕೊಟ್ಟ.

ಮಗಳು ಅದನ್ನು ಒರೆಸಿ ಕಿಟಕಿಗೆ ಹಿಡಿದಳು. ಬೆಳ್ಳಗೆ ಹೊಳೆಯುವ ಕಬ್ಬಿಣದ ಬಲೆಯಲ್ಲಿ ಜೇನುಬಣ್ಣದ ಹರಳುಗಳು ಒತ್ತೊತ್ತಾಗಿ ಕೂತಿದ್ದವು. ಬೆಳಕು ಅವುಗಳನ್ನು ಹಾದು ಅವಳ ಮುಖದ ಮೇಲೆ ಬಿತ್ತು.

"ಎಲ್ಲೋ ಒಂದು ಪುಟ್ಟ ಲೋಕ ಇತ್ತಮ್ಮ. ಒಳಗೆ ಕರಗಿದ ಕಬ್ಬಿಣ, ಅದರ ಮೇಲೆ ಕಲ್ಲು. ಇನ್ನೊಂದು ಬಂದು ಡಿಕ್ಕಿ ಹೊಡೆದಾಗ ಎರಡೂ ಬೆರೆತು ಹೀಗೆ ಹೆಪ್ಪುಗಟ್ಟಿರಬೇಕು. ಇದು ಅದರ ಚೂರು."

"ಮೇಲಿಂದ ಬಿದ್ದದ್ದಾ?"

"ಹೂಂ. ಅಪ್ಪ ಹೇಳಿದ ಹಾಗೆ." ಮಗಳು ಬಿಲ್ಲೆಯನ್ನು ಮುಂದೆ ಹಿಡಿದಳು. "ತಗೋ, ನೋಡು."

ತಾಯಿ ಕೈ ಚಾಚಿದವಳು ಹಿಂದಕ್ಕೆಳೆದುಕೊಂಡು ಅಂಗೈಗಳನ್ನು ಮಡಿಲಿಗೆ ಒರೆಸಿದಳು. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಒಣಗಿವೆಯೇ ಎಂದು ಕೆನ್ನೆಗೆ ತಾಗಿಸಿ ನೋಡಿಕೊಂಡಳು. ಕೆನ್ನೆ ಒದ್ದೆಯಾಗಿತ್ತು. ಮತ್ತೆ ಮೊದಲಿನಿಂದ ಒರೆಸತೊಡಗಿದಳು.