ಎಡಮೂಲೆಯ ನೊಣ

ನಾನು ಒಂದು ಕ್ಯಾಮೆರಾ. ನನ್ನ ಮೈಮೇಲೆ ಹದಿನೇಳು ಗುಂಡಿಗಳಿವೆ. ಚಿತ್ರ ತೆಗೆಯಲು ಒಂದು, ತೆಗೆದದ್ದನ್ನು ನೋಡಲು ಒಂದು, ಬೇಡವಾದದ್ದನ್ನು ಅಳಿಸಲು ಒಂದು. ಕ್ಷಮಿಸಲು ಮಾತ್ರ ಗುಂಡಿ ಇಟ್ಟಿಲ್ಲ. ನನ್ನ ಕಥೆ ಓದುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ನಿಲುವಂಗಿ ತೊಟ್ಟ ಹೆಂಗಸರು ನನ್ನನ್ನು ಜೋಡಿಸಿದರು. ಕೂದಲು ಉದುರಬಾರದೆಂದು ತಲೆಗೆ ಟೊಪ್ಪಿಗೆ, ಉಸಿರು ತಾಗಬಾರದೆಂದು ಬಾಯಿಗೆ ಬಟ್ಟೆ. ನನ್ನ ಹೊಟ್ಟೆಯೊಳಗೆ ಬೆಳಕು ಬಂದು ಬೀಳುವ ಒಂದು ಪುಟ್ಟ ಗಾಜಿದೆ. ಅದನ್ನು ಕೂರಿಸುವಾಗ ಆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಕೆಮ್ಮು ಬಂದ ಒಬ್ಬಾಕೆ ಎದ್ದು ಹೊರಗೆ ಹೋಗಿ ಕೆಮ್ಮಿ ಬಂದಳು. ಅಷ್ಟು ಮಡಿಯಲ್ಲಿ ಹುಟ್ಟಿದವನು ನಾನು.

ಗದಗಿನಲ್ಲಿ ನನ್ನನ್ನು ಕೊಂಡವರು ಅಂದಾನಪ್ಪ ಬಳಗಾನೂರ. ಸ್ಟುಡಿಯೋದ ಮಾಲೀಕರು, ಊರಿನ ಹವ್ಯಾಸಿಗಳೆಲ್ಲ ಸೇರಿ ಕಟ್ಟಿಕೊಂಡ ಛಾಯಾಬಳಗದ ಅಧ್ಯಕ್ಷರು. ಅವರನ್ನು ನಾನು ಕೊನೆಯವರೆಗೂ ಬಹುವಚನದಲ್ಲೇ ಕರೆಯುತ್ತೇನೆ. ದ್ವೇಷಕ್ಕೂ ಒಂದು ಶಿಸ್ತು ಬೇಕು. ಅವರಿಗೆ ಎರಡು ಚಟ. ಒಂದು, ಎಡದವಡೆಯಲ್ಲಿ ಸದಾ ಎಲೆ ಅಡಿಕೆ. ಇನ್ನೊಂದು, ಐವತ್ತು ದಾಟಿದರೂ ಚಾಳೀಸು, ಅಂದರೆ ಹತ್ತಿರದ್ದು ಕಾಣಿಸುವ ಕನ್ನಡಕ, ಹಾಕದಿರುವುದು. "ಫೋಟೋ ತಗಿಯಾಂವ ಚಾಳೀಸು ಹಾಕಿದ್ರ ಗಿರಾಕಿ ಏನಂತಾರ? ಕುರುಡಗ ಮದವಿ ಕೆಲಸ ಕೊಟ್ವಿ ಅಂತಾರ" ಎಂಬುದು ಅವರ ವಾದ.

ಮೂರು ವರ್ಷ ಅವರ ಕೊರಳಲ್ಲಿ ಜೋತು ಮದುವೆಗಳಿಗೆ ಹೋದೆ. ನಾಲ್ಕನೆಯ ವರ್ಷ ಒಂದು ಮಂಟಪದಲ್ಲಿ ಲೆನ್ಸ್ ಬದಲಿಸುವಾಗ ಅವರಿಗೆ ನನ್ನೊಳಗೆ ಧೂಳು ಕಂಡಿತು. ಧೂಳು ಊದಲು ರಬ್ಬರಿನ ಬುರುಡೆಯೊಂದಿರುತ್ತದೆ; ಅದು ಅವರ ಚೀಲದಲ್ಲೇ ಇತ್ತು. ಆದರೆ ಒಲೆ ಊದಿ ಬೆಳೆದ ಊರಿನವರಿಗೆ ಬುರುಡೆ ಯಾಕೆ? ಬಾಯಿ ಹತ್ತಿರ ತಂದು "ಉಫ್" ಎಂದರು. ಧೂಳು ಹೋಯಿತು. ಅಡಿಕೆ ರಸದ ಒಂದು ಹನಿ ಬಂತು. ಎಳ್ಳಿಗಿಂತ ಚಿಕ್ಕದು. ಗಾಜಿನ ಮೇಲೆ ಕೂತು, ಸ್ವಲ್ಪ ಜಾರಿ, ಬಾಲ ಬಿಟ್ಟುಕೊಂಡು ಒಣಗಿತು. ಯಾರ ಕೆಮ್ಮೂ ತಾಗದ ಜಾಗಕ್ಕೆ ಎಂಜಲು ತಾಗಿತು. ಆ ದಿನ ನಾನು ಒಂದು ಪ್ರತಿಜ್ಞೆ ಮಾಡಿದೆ: ಈ ಎಂಜಲನ್ನು ಒಂದು ದಿನ ಅವರಿಗೇ ತೋರಿಸುತ್ತೇನೆ, ದೊಡ್ಡದಾಗಿ.

ಆ ಕಲೆ ಎಲ್ಲ ಚಿತ್ರದಲ್ಲೂ ಕಾಣುವುದಿಲ್ಲ. ಲೆನ್ಸಿನ ಬಾಯಿ ಅಗಲವಾಗಿ ತೆರೆದಿದ್ದರೆ ಕರಗಿ ಹೋಗುತ್ತದೆ. ಬಾಯಿ ಕಿರಿದು ಮಾಡಿ, ಆಕಾಶವನ್ನೋ ಸುಣ್ಣದ ಗೋಡೆಯನ್ನೋ ತೆಗೆದರೆ ಮಾತ್ರ ಚಿತ್ರದ ಮೇಲಿನ ಎಡಮೂಲೆಯಲ್ಲಿ ಬಾಲವಿರುವ ಒಂದು ಚುಕ್ಕೆ ಮೂಡುತ್ತದೆ. ಮದುಮಗಳ ಅಪ್ಪನೊಬ್ಬ "ಪರದೆ ಮ್ಯಾಲೆ ಏನ್ರೀ ಇದು?" ಎಂದು ಬೆರಳಿಟ್ಟು ತೋರಿಸಿದಾಗ ಅಂದಾನಪ್ಪನವರಿಗೆ ತಿಳಿಯಿತು. ನನ್ನನ್ನು ಹುಬ್ಬಳ್ಳಿಗೆ ಕಳಿಸಿ ತೊಳೆಸಬಹುದಿತ್ತು. ಎರಡು ತಿಂಗಳು ಹಾಗೇ ದುಡಿಸಿದರು. ಆಮೇಲೆ ಮಾರಿದರು.

ಕೊಂಡವರು ನೀಲಾಂಬಿಕಾ ಸವಡಿ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತಾರೆ, ಊರಿಗೆಲ್ಲ ನೀಲಕ್ಕ. ಅವರನ್ನು ನಾನು ಮೊದಲು ನೋಡಿದ್ದೆ ಎನ್ನುವಂತಿಲ್ಲ. ಸವಡಿ ಮನೆತನದ ಮೂರು ಮದುವೆಗಳ ಆಲ್ಬಮ್ ನನ್ನ ಕೆಲಸವೇ, ಆದರೆ ಮೂರರಲ್ಲೂ ಆಕೆ ಇಲ್ಲ. ಕೊನೆಯ ಪಂಕ್ತಿ ಏಳುವವರೆಗೆ ಅಡುಗೆಮನೆಯಲ್ಲಿದ್ದರು. ಅಂದಾನಪ್ಪನವರು ನನ್ನನ್ನು ಆ ಕಡೆ ಒಮ್ಮೆಯೂ ತಿರುಗಿಸಿರಲಿಲ್ಲ.

ಮಾರುವ ದಿನ ಅವರು ಲೆನ್ಸಿನ ಬಾಯಿ ಪೂರ್ತಿ ತೆರೆದು, ಮೇಜಿನ ಮೇಲಿದ್ದ ಬಾಳೆಹಣ್ಣಿನ ಚಿತ್ರ ತೆಗೆದು ತೋರಿಸಿದರು. "ನೋಡ್ರಿ ಅಕ್ಕಾರ, ಕನ್ನಡಿ ಇದ್ದಂಗೈತಿ." ಬಾಳೆಹಣ್ಣು ಸುಂದರವಾಗಿ ಬಂತು. ಸುಳ್ಳು ಹೇಳಿದ್ದಕ್ಕೆ ನಾನೂ ಪಾಲುದಾರ. ಆ ಲೆಕ್ಕವನ್ನೂ ಅವರ ಮೇಲೇ ಹಾಕಿದ್ದೇನೆ.

ಖಾನಾವಳಿಯಲ್ಲಿ ನನ್ನನ್ನು ಹಪ್ಪಳದ ಡಬ್ಬಿಯ ಪಕ್ಕ ಇಟ್ಟರು. ರೊಟ್ಟಿ ಬಡಿಯುತ್ತಿದ್ದ ಹನಮವ್ವ, ನೀಲಕ್ಕನಿಗಿಂತ ಇಪ್ಪತ್ತು ವರ್ಷ ಹಿರಿಯಳು, ಹಿಟ್ಟಿನ ಕೈಯಲ್ಲೇ ನನ್ನನ್ನು ಅಳೆದು ನೋಡಿದಳು.

"ಇದು ರೊಟ್ಟಿ ಬಡೀತೈತೇನ ನೀಲವ್ವಾ?"

"ಇಲ್ಲ ಬಿಡವ್ವ."

"ಮತ್ತ ಇಲ್ಲಿ ಯಾಕ ಕುಂತೈತಿ?"

ಯಾಕೆಂಬುದು ಯುಗಾದಿಗೆ ತಿಳಿಯಿತು. ಛಾಯಾಬಳಗ ಒಂದು ಪಂಥ ಹೂಡಿತ್ತು: ಯುಗಾದಿಯಿಂದ ಯುಗಾದಿಯವರೆಗೆ ದಿನಕ್ಕೊಂದು ಚಿತ್ರ. ಬೆಳಿಗ್ಗೆ ಆರಕ್ಕೆ ಅಧ್ಯಕ್ಷರು ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಪದ ಕೊಡುತ್ತಾರೆ. ಅದಕ್ಕೊಪ್ಪುವ ಚಿತ್ರವನ್ನು ಅಂದೇ, ಕ್ಯಾಮೆರಾದಲ್ಲೇ ತೆಗೆದು ಹೊತ್ತು ಮುಳುಗುವುದರೊಳಗೆ ಹಾಕಬೇಕು. ಒಂದು ದಿನ ತಪ್ಪಿದರೆ ಹೊರಗೆ. ಕೊನೆಯವರೆಗೆ ಉಳಿದವರ ಚಿತ್ರಗಳಲ್ಲಿ ಒಂದು 'ವರ್ಷದ ಚಿತ್ರ'ವಾಗಿ ನೇಕಾರರ ಸಭಾಭವನದ ಗೋಡೆಯಲ್ಲಿ ಉಳಿಯುತ್ತದೆ. ನೀಲಕ್ಕನಿಗೆ ಆ ಗೋಡೆ ಬೇಕಾಗಿತ್ತು. ಅದರ ಮೇಲೆ ಒಂದು ಅಡುಗೆಮನೆ ಇರಬೇಕಾಗಿತ್ತು.

ಮೊದಲ ವಾರ ಆಕೆ ತೆಗೆದದ್ದನ್ನು ನಾನು ಶತ್ರುವಿಗೂ ತೋರಿಸಲಾರೆ. ತಲೆ ಇದ್ದರೆ ಕಾಲಿಲ್ಲ, ಎರಡೂ ಇದ್ದರೆ ನಡುವೆ ಆಕೆಯದೇ ಹೆಬ್ಬೆರಳು. ಒಂಬತ್ತನೆಯ ದಿನದ ಪದ 'ಬಾನು'. ಸೌಟು ಕೆಳಗಿಟ್ಟು, ಮಾಳಿಗೆ ಹತ್ತಿ, ಆಕಾಶ ತೆಗೆದು ಹಾಕಿದರು. ಐದು ನಿಮಿಷದಲ್ಲಿ ಅಧ್ಯಕ್ಷರ ಉತ್ತರ ಬಂತು: "ಅಕ್ಕಾರ, ನಿಮ್ಮ ಬಾನಿನ ಎಡಮೂಲ್ಯಾಗ ನೊಣ ಕುಂತೈತಿ. ಖಾನಾವಳಿಯಿಂದ ಬೆನ್ನ ಹತ್ತಿ ಬಂದಿರಬೇಕು." ಅದರ ಕೆಳಗೆ ನಗುವ ಮುಖಗಳು, ನಲವತ್ತು.

ಅವರಿಗೆ ಗೊತ್ತಿತ್ತು. ಎಲ್ಲಿ ಹಿಗ್ಗಿಸಿ ನೋಡಬೇಕೆಂದೂ ಗೊತ್ತಿತ್ತು. ಅದು ಯಾವ ನೊಣ, ಯಾರ ಬಾಯಿಂದ ಹಾರಿದ್ದು ಎಂದು ಚೆನ್ನಾಗಿ ಗೊತ್ತಿತ್ತು.

ಭಾನುವಾರದ ಸಭೆಯಲ್ಲಿ ನೀಲಕ್ಕ ಮೆಲ್ಲಗೆ ಕೇಳಿದರು. "ಸರ, ನೀವು ಕೊಟ್ಟ ಕ್ಯಾಮೆರಾದಾಗ ಏನೋ ಐತಿ ಅನ್ನಸ್ತೈತಿ."

"ನಾ ಕೊಟ್ಟಾಗ ಇರಲಿಲ್ಲಲ್ರೀ. ಅಡಗಿಮನ್ಯಾಗ ಇಟ್ರ ಹಿಂಗ ಆಗೂದು. ಒಗ್ಗರಣಿ ಸಿಡಿದಿರಬೇಕು." ಅವರು ಸಭೆಯ ಕಡೆ ತಿರುಗಿದರು. "ಕ್ಯಾಮೆರಾ ಅಂದ್ರ ಸಾಸಿವಿ ಡಬ್ಬಿ ಅಲ್ಲ."

ಸಭೆ ನಕ್ಕಿತು. ನಗೆ ಅಲ್ಲಿಗೇ ನಿಲ್ಲಲಿಲ್ಲ. ಮರುದಿನ ಊಟಕ್ಕೆ ಕೂತವನೊಬ್ಬ ಸಾರಿನ ಬಟ್ಟಲಲ್ಲಿ ಬೆರಳಾಡಿಸಿ "ನೊಣ ಹುಡಕಾಕತ್ತೀನ್ರಿ" ಎಂದ. ಎಂಟು ವರ್ಷದಿಂದ ಊಟಕ್ಕೆ ಬರುತ್ತಿದ್ದ ಒಂದು ಕಚೇರಿಯ ಐದು ಮಂದಿ ಆ ತಿಂಗಳಿಂದ ಬೇರೆ ಕಡೆ ಹೋದರು. ನೀಲಕ್ಕ ಹನಮವ್ವನಿಗೆ ಮಾತ್ರ, ರೊಟ್ಟಿ ಎಣಿಸುತ್ತ, "ಅಂವಾ ನನ್ನ ಒಲಿಗೆ ಕೆಟ್ಟ ಹೆಸರು ತಂದಾನ. ಈ ವರ್ಷ ಮುಗಿಸೂತನಕ ನಾ ಬಿಡಂಗಿಲ್ಲ" ಎಂದರು. ಅಂದು ಮೊದಲ ಬಾರಿಗೆ ಆಕೆಯ ಕೈ ನನಗೆ ಹಿತವಾಯಿತು.

ಹುಬ್ಬಳ್ಳಿಯ ರಿಪೇರಿಯವನಿಗೆ ಫೋನ್ ಮಾಡಿದರು. ಕ್ಯಾಮೆರಾ ಎಂಟು ದಿನ ಅಲ್ಲೇ ಬಿಟ್ಟು ಹೋಗಬೇಕು ಎಂದ. ಎಂಟು ದಿನ ನಾನಿಲ್ಲದಿದ್ದರೆ ಪಂಥದಿಂದ ಹೊರಗೆ. ಎರವಲು ಕ್ಯಾಮೆರಾ ಕೇಳಬೇಕೆಂದರೆ ಅಂದಾನಪ್ಪನವರನ್ನೇ ಕೇಳಬೇಕು. ಹಾಗಾಗಿ ಕಲೆ ಅಲ್ಲೇ ಉಳಿಯಿತು. ಅದರ ಜೊತೆ ಬದುಕುವುದನ್ನು ನೀಲಕ್ಕ ಕಲಿತರು.

ಅದು ಹೀಗೆ. ಲೆನ್ಸಿನ ಬಾಯಿ ಅಗಲ ತೆರೆದರೆ ಕಲೆಯ ಜೊತೆ ಅಡುಗೆಮನೆಯ ಅರ್ಧವೂ ಮಸುಕಾಗುತ್ತದೆ; ಅದು ಆಕೆಗೆ ಬೇಡ. ಕಲೆ ಬೆಳಕಿನ ಮೇಲೆ ಕಾಣುತ್ತದೆ, ಕತ್ತಲಲ್ಲಿ ಅಡಗುತ್ತದೆ. ಆದ್ದರಿಂದ ಚಿತ್ರದ ಮೇಲಿನ ಎಡಮೂಲೆಯಲ್ಲಿ ಏನಾದರೊಂದು ಕಪ್ಪು ಇರಲೇಬೇಕು. ಮಸಿ ಹಿಡಿದ ಕಂಬ. ಬಾಗಿಲ ಚೌಕಟ್ಟು. ನೀರಿಗೆ ಬಗ್ಗಿದವಳ ತುರುಬು. ಕಪ್ಪು ಸಿಗುವವರೆಗೆ ಆಕೆ ನಾಲ್ಕು ಹೆಜ್ಜೆ ಸರಿಯುವರು, ಕೂರುವರು, ಸ್ಟೂಲು ಹತ್ತುವರು, ಕಾಯುವರು. ಇದೇ ಅಭ್ಯಾಸ. ನಿಂತಲ್ಲೇ ನಿಂತು ಗುಂಡಿ ಒತ್ತುತ್ತಿದ್ದವರು ಈಗ ಜಾಗ ಹುಡುಕತೊಡಗಿದರು. ನೂರನೆಯ ದಿನದ ಹೊತ್ತಿಗೆ ಹನ್ನೊಂದು ಗಂಟೆಗೆ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಯಾವ ಪಾತ್ರೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ಆಕೆಗೆ ಬಾಯಿಪಾಠವಾಗಿತ್ತು. ಇನ್ನೂರನೆಯ ದಿನದ ಹೊತ್ತಿಗೆ ಗುಂಪಿನಲ್ಲಿ ಜನ "ಇದು ನೀಲಕ್ಕಾರ ಚಿತ್ರ" ಎಂದು ಹೆಸರು ನೋಡದೆ ಹೇಳತೊಡಗಿದರು. ಎಡಮೂಲೆಯ ಭಾರ ಆಕೆಯ ಗುರುತಾಯಿತು. ಎಂಜಲು ಉಗುಳಿದವರಿಗೆ ಇದು ಹೊಟ್ಟೆಕಿಚ್ಚಾಗಿತ್ತೆಂದು ಅವರ ಸಂದೇಶಗಳ ಗಿಡ್ಡತನದಿಂದ ಊಹಿಸಿದೆ.

ಅತ್ತ ಅಂದಾನಪ್ಪನವರೂ ಒಂದು ದಿನ ತಪ್ಪಿಸಿರಲಿಲ್ಲ. ಆದರೆ ಅವರು ಕೊಡುತ್ತಿದ್ದ ಪದಗಳು ವಿಚಿತ್ರವಾಗಿದ್ದವು. ದೀಪಾವಳಿಯ ಹಿಂದಿನ ವಾರದ ಒಂದು ದಿನ, ಹತ್ತಿರದಲ್ಲೆಲ್ಲೂ ಹೊಳೆಯಿಲ್ಲದ ಊರಿನಲ್ಲಿ, ಪದ 'ದೋಣಿ'. ನೀಲಕ್ಕ ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡು, ಕೊನೆಗೆ ಮುಸುರೆ ನೀರಿನಲ್ಲಿ ತೇಲುತ್ತಿದ್ದ ಒಂದು ಹೋಳು ಕೊಬ್ಬರಿಯ ಬಟ್ಟಲನ್ನು ತೆಗೆದರು. ಅಧ್ಯಕ್ಷರು ನಿಜವಾದ ದೋಣಿ ಹಾಕಿದರು: ವಿಸ್ತಾರವಾದ ನೀರು, ಬೆಳ್ಳಗಿನ ಬಾನು, ನಡುವೆ ಒಂಟಿ ದೋಣಿ. "ಇವತ್ತ ಮುಂಜಾನೆ ಹೊಸಪೇಟಿ ಕಡೆ ಹೋಗಿದ್ದೆ."

ನೀಲಕ್ಕನ ಕೈಯಲ್ಲಿದ್ದ ಫೋನಿನಲ್ಲಿ ಆ ದೋಣಿಯನ್ನು ನೋಡಿ ನಾನು ಬೆಚ್ಚಿದೆ. ಅದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು. ಹಿಂದಿನ ಮಾಘದಲ್ಲಿ, ನನ್ನನ್ನು ಮಾರುವ ಮುಂಚೆ, ಮದುವೆಗೆಂದು ಹೋದಾಗ ಹಿನ್ನೀರಿನ ದಂಡೆಯಲ್ಲಿ ತೆಗೆದದ್ದು. ಆಗ ತಿಳಿಯಿತು: ಅವರು ಪದ ಕೊಟ್ಟು ಚಿತ್ರ ಹುಡುಕುತ್ತಿರಲಿಲ್ಲ. ಕಂಪ್ಯೂಟರಿನ ಹಳೆಯ ಚಿತ್ರವೊಂದನ್ನು ಆರಿಸಿ ಅದಕ್ಕೆ ಪದ ಕೊಡುತ್ತಿದ್ದರು. ಬಾಯಿಲ್ಲದ ನಾನು ಡಬ್ಬಿಯ ಪಕ್ಕ ಕೂತು ಹಲ್ಲು ಕಡಿದೆ. ಹಲ್ಲೂ ಇಲ್ಲ ಎನ್ನುವುದು ಬೇರೆ ಮಾತು.

ಸಂಕ್ರಾಂತಿಗೆ ಹನ್ನೊಂದು ಮಂದಿ ಉಳಿದರು, ಶಿವರಾತ್ರಿಗೆ ನಾಲ್ಕು, ಯುಗಾದಿಗೆ ಇಬ್ಬರು: ನೀಲಕ್ಕ ಮತ್ತು ಅಂದಾನಪ್ಪನವರು. ಇಬ್ಬರೂ ಮೂರು ಮೂರು ಚಿತ್ರಗಳನ್ನು ಮೂರಡಿ ಅಗಲಕ್ಕೆ ಮುದ್ರಿಸಿ ಸಭಾಭವನದಲ್ಲಿ ತೂಗುಹಾಕಬೇಕು. ತೀರ್ಪುಗಾರರು ನಿವೃತ್ತ ಚಿತ್ರಕಲಾ ಶಿಕ್ಷಕರಾದ ಗುರುಲಿಂಗ ಮಾಸ್ತರರು.

ಹುಡುಕದ ಕಣ್ಣಿಗೆ ಅಂಗೈಯಗಲದ ಫೋನಿನಲ್ಲಿ ಕಾಣದ್ದು ಮೂರಡಿಯಲ್ಲಿ ಕಾಣುತ್ತದೆ. ಚಾಳೀಸು ಹಾಕದವರಿಗೆ ಮಾತ್ರ ಅದೂ ಕಾಣುವುದಿಲ್ಲ.

ನೀಲಕ್ಕ ನನ್ನನ್ನು ಹೆಗಲಿಗೆ ಹಾಕಿಕೊಂಡು ಗೋಡೆಗುಂಟ ನಡೆದರು. ಹನಮವ್ವ ಹಿಂದೆ. ದೋಣಿಯ ಮುಂದೆ ನೀಲಕ್ಕ ನಿಂತರು. ಬೆಳ್ಳಗಿನ ಬಾನು. ಮೇಲೆ, ಎಡಮೂಲೆಯಲ್ಲಿ, ಕಡಲೆಬೇಳೆಯಷ್ಟು ದೊಡ್ಡದಾಗಿ, ಬಾಲವಿರುವ ಒಂದು ಚುಕ್ಕೆ. ಒಂದು ವರ್ಷ ದಿನಾ ಮುಚ್ಚಿಟ್ಟ ಕಲೆ. ತನ್ನ ಮೈಮೇಲಿನ ಮಚ್ಚೆಯನ್ನು ಕಂಡಷ್ಟೇ ಸಲೀಸಾಗಿ ಗುರುತು ಹಿಡಿದರು.

"ಅಂದಾನಪ್ಪ ಸರ, ಈ ದೋಣಿ ಯಾವಾಗ ತಗದ್ರಿ?"

"ದೀಪಾವಳಿ ಮುಂದ. ಪದ ಕೊಟ್ಟ ದಿನಾನ."

"ಯಾವ ಕ್ಯಾಮೆರಾದಾಗ?"

"ನನ್ನ ಹೊಸಾದ್ರಾಗ. ಯಾಕ್ರೀ, ಕೊಳ್ಳಾವ್ರಿದ್ದೀರೇನು?" ಸುತ್ತಲಿನವರು ನಕ್ಕರು.

ನೀಲಕ್ಕ ನನ್ನ ಲೆನ್ಸಿನ ಬಾಯಿ ಕಿರಿದು ಮಾಡಿದರು. ಪಕ್ಕದ ಸುಣ್ಣದ ಗೋಡೆಗೆ ಗುರಿಯಿಟ್ಟು ಒಂದು ಚಿತ್ರ ತೆಗೆದರು. ನನ್ನ ಬದುಕಿನ ಅತ್ಯುತ್ತಮ ಚಿತ್ರ ಅದೇ: ಬರೀ ಗೋಡೆ, ಒಂದು ಎಂಜಲು. ಅದನ್ನು ಹಿಗ್ಗಿಸಿ ಮಾಸ್ತರರ ಕೈಗೆ ಕೊಟ್ಟರು.

"ಮಾಸ್ತರ, ಈ ನೊಣ ನನ್ನ ಅಡಗಿಮನ್ಯಾಗ ಹುಟ್ಟೈತಿ ಅಂದ್ರು. ಹೋದ ಯುಗಾದಿಯಿಂದ ನನ್ನ ಕ್ಯಾಮೆರಾದಾಗ ಐತಿ. ದೀಪಾವಳಿಗೆ ಅದು ಅವರ ಹೊಸಾ ಕ್ಯಾಮೆರಾಕ್ಕ ಹೆಂಗ ಹಾರಿತು, ಕೇಳ್ರಿ."

"ಧೂಳು ಎಲ್ಲಾ ಕ್ಯಾಮೆರಾದಾಗೂ ಇರ್ತೈತ್ರೀ" ಎಂದರು ಅಂದಾನಪ್ಪನವರು.

ಮಾಸ್ತರರು ದೋಣಿ ಚಿತ್ರದ ಅಂಚಿನಿಂದ ಚುಕ್ಕೆಗೆ ಬೆರಳಲ್ಲಿ ಅಳೆದರು, ನನ್ನ ಪರದೆಯ ಮೇಲೆ ಪೂರ್ತಿ ಚಿತ್ರ ಮಾಡಿಕೊಂಡು ಅದೇ ಪ್ರಮಾಣದಲ್ಲಿ ಅಳೆದರು, ಮತ್ತೆ ದೋಣಿ. "ಜಾಗಾನೂ ಅದೇ. ಬಾಲಾನೂ ಅದೇ ಕಡೆ ತಿರುಗೈತಿ. ಅಂದಾನಪ್ಪ, ಈ ದೋಣಿ ಇದ ಕ್ಯಾಮೆರಾದ್ದು. ಅಂದ್ರ ಮಾರೂಕಿಂತ ಮುಂಚಿಂದು. ಅಂದ್ರ ನೊಣಾನೂ ಮುಂಚಿಂದು."

"ನಾವು ಬರೇ ನೊಣ ಸಾಕಿದ್ವಿ ಯಪ್ಪಾ, ಹಡದಾಂವ ನೀನ" ಎಂದಳು ಹನಮವ್ವ.

ಈ ಸಲ ಸಭೆ ನಕ್ಕದ್ದು ಸರಿಯಾದ ದಿಕ್ಕಿಗೆ. ಅಂದಾನಪ್ಪನವರು ದೋಣಿಯ ಹತ್ತಿರ ಹೋದರು, ದೂರ ಬಂದರು, ಕಣ್ಣು ಕಿರಿದು ಮಾಡಿದರು. ಕೊನೆಗೆ ಒಳಕಿಸೆಯಿಂದ ಚಾಳೀಸು ತೆಗೆದು, ಊರ ಮುಂದೆ ಮೊದಲ ಸಲ, ಮೂಗಿಗೇರಿಸಿದರು. ನೋಡಿದರು. ಪ್ರತಿಜ್ಞೆ ತೀರಿತು.

ಯಾರೋ ದೋಣಿಯನ್ನು ಇಳಿಸಲು ಹೋದರು. "ಇಳಸಬ್ಯಾಡ್ರಿ" ಎಂದರು ನೀಲಕ್ಕ. "ಮೂರು ದಿನಾ ಇರ್ಲಿ. ಮಂದಿ ನೋಡ್ಲಿ." ಮೂರು ದಿನ ಇತ್ತು. ಎರಡನೆಯ ದಿನ ಆ ಕಚೇರಿಯ ಐದು ಮಂದಿ ಬಂದು ನೋಡಿದರು. ಮೂರನೆಯ ದಿನ ಮಧ್ಯಾಹ್ನ ಖಾನಾವಳಿಯಲ್ಲಿ ಐದು ಎಲೆ ಹೆಚ್ಚು ಬಿದ್ದವು. 'ವರ್ಷದ ಚಿತ್ರ'ವಾಗಿ ಗೋಡೆಯಲ್ಲಿ ಉಳಿದದ್ದು ನೀಲಕ್ಕ ತೆಗೆದ ಹನಮವ್ವನ ಚಿತ್ರ: ಹಿಟ್ಟಿನ ಕೈ, ಬೆಳಕಿಂಡಿಯ ಬಿಸಿಲು, ಎಡಮೂಲೆಯಲ್ಲಿ ಮಸಿ ಕಂಬ.

ಆಮೇಲೆ ನನ್ನನ್ನು ಹುಬ್ಬಳ್ಳಿಗೆ ಕಳಿಸಿದರು. ರಿಪೇರಿಯವನು ಭೂತಗನ್ನಡಿಯಿಟ್ಟು ನೋಡಿ ಫೋನಿನಲ್ಲಿ ಹೇಳಿದ, "ಅಕ್ಕಾರ, ಇದು ಒಗ್ಗರಣಿ ಅಲ್ರೀ. ಯಾರೋ ಎಲಿಅಡಕಿ ತಿಂದು ಊದ್ಯಾರ." ನೀಲಕ್ಕ ಅದನ್ನು ಹನಮವ್ವನಿಗೆ ಹೇಳಿದರು. ಬೆಟಗೇರಿಯಲ್ಲಿ ಇನ್ನಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಗುಂಡಿಗಳಲ್ಲಿ ನಾಲ್ಕು ಕೆಲಸ ಮಾಡುವುದಿಲ್ಲ. ನೀಲಕ್ಕನಿಗೆ ಹೊಸ ಕ್ಯಾಮೆರಾ ಬಂದಿದೆ. ಅದರ ಗಾಜು ಶುದ್ಧವಾಗಿದ್ದರೂ ಆಕೆ ಇನ್ನೂ ಎಡಮೂಲೆಗೆ ಕಪ್ಪು ಹುಡುಕುತ್ತಾರೆ. ನಾನು ಹಪ್ಪಳದ ಡಬ್ಬಿಯ ಪಕ್ಕ, ಊಟದ ಸಾಲಿನ ಕಡೆ ಮುಖ ಮಾಡಿ ಕೂತಿದ್ದೇನೆ. ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆಂದು ಹೇಳುವವರಿದ್ದಾರೆ. ಅವರು ಸರಿಯಾಗಿ ತೀರಿಸಿಕೊಂಡಿರಲಿಕ್ಕಿಲ್ಲ.

ಗುರುವಾರ ಸ್ಟುಡಿಯೋ ಪಕ್ಕದ ಹೋಟೆಲಿಗೆ ರಜೆ. ಅಂದಾನಪ್ಪನವರು ಇಲ್ಲಿಗೇ ಊಟಕ್ಕೆ ಬರುತ್ತಾರೆ, ನನಗೆ ಬೆನ್ನು ಹಾಕಿ ಕೂರುತ್ತಾರೆ. ನೀಲಕ್ಕ ಎರಡು ಸಲ ರೊಟ್ಟಿ ಬೇಕೇ ಎಂದು ಕೇಳುತ್ತಾರೆ, ತುಪ್ಪ ಹಾಕುತ್ತಾರೆ. ಅಂದಾನಪ್ಪನವರು ಕೈ ತೊಳೆದು ಬರುವ ಹೊತ್ತಿಗೆ ಆಕೆ ಬೇರೆ ಯಾವ ಗಿರಾಕಿಗೂ ಮಾಡದ ಒಂದು ಉಪಚಾರ ಮಾಡುತ್ತಾರೆ: ಹಿತ್ತಾಳೆ ತಟ್ಟೆಯಲ್ಲಿ ಎಳೆಯ ಎಲೆ, ಒಡೆದ ಅಡಿಕೆ, ಸುಣ್ಣ.

"ತಗೋರಿ ಸರ."

"ಬ್ಯಾಡ್ರಿ ಅಕ್ಕಾರ. ಬಿಟ್ಟೀನಿ."

"ಹೌದ್ರೀ?" ಎನ್ನುತ್ತಾರೆ ನೀಲಕ್ಕ, ಪ್ರತಿ ಗುರುವಾರವೂ, ಈಗಷ್ಟೇ ಕೇಳಿದವರಂತೆ.