ಹದಿನಾಲ್ಕನೇ ಕಲ್ಲಿನ ಕಾಲ್ದಾರಿ

ಕಬಾಸೊನ ಅನುಮಾನ ಶುರುವಾದದ್ದು ಆ ಮನುಷ್ಯನ ಬೂಟಿನಿಂದ. ಹಳಿ ಮೇಲೆ ಹತ್ತೊಂಬತ್ತು ವರ್ಷ ದುಡಿದವನ ಬೂಟು ಹಾಗೆ ಮಿಂಚುವುದುಂಟೇ? ಜಲ್ಲಿಕಲ್ಲು ಯಾರ ಬೂಟಿಗೂ ದಯೆ ತೋರಿಸುವುದಿಲ್ಲ. ಕಬಾಸೊನ ಬೂಟಿನ ಮೂತಿಯೇ ಎರಡು ಸಲ ಹೊಲಿಗೆ ಕಂಡಿತ್ತು. ಈ ಫ್ಯಾಕ್ಸನ್ ಜೆರೆ ಎಂಬಾತ ಮಾತ್ರ ಮದುವೆಗೆ ಬಂದ ಬೀಗರ ಹಾಗೆ ಕಾಲು ಜೋಡಿಸಿಕೊಂಡು, ತಗಡಿನ ಸೂರಿನ ಆಫೀಸಿನಲ್ಲಿ ಬೆವರದೆ ಕೂತಿದ್ದ. ಇಲ್ಲಿನ ಅಕ್ಟೋಬರಿನ ಕಡುಬೇಸಿಗೆಗೂ ಬೆವರದವನನ್ನು ನಂಬುವುದು ಹೇಗೆ?

ಕಫ್ವಿಲಿಯ ಸುಣ್ಣಕಲ್ಲಿನ ಗಣಿಯಿಂದ ಎನ್ಡೋಲಾ ಪಟ್ಟಣದ ದೊಡ್ಡ ರೈಲ್ವೆ ಲೈನಿಗೆ ಇಪ್ಪತ್ತೆರಡು ಕಿಲೋಮೀಟರ್ ಹಳಿ. ಹಗಲೆಲ್ಲ ಅದರ ಮೇಲೆ ಕಲ್ಲು ಹೋಗುತ್ತದೆ, ಸಂಜೆ ಕಲ್ಲಿನ ಗಾಡಿಯ ಬಾಲಕ್ಕೆ ಎರಡು ಡಬ್ಬಿ ಸಿಕ್ಕಿಸಿ ನೂರ ಅರವತ್ತು ಜನ ಕೂಲಿಯವರನ್ನು ಮನೆಗೆ ಮುಟ್ಟಿಸುತ್ತಾರೆ. ಆ ಹಳಿಯನ್ನು ಕಬಾಸೊ ಮೂವತ್ತೊಂದು ವರ್ಷ ಕಾದಿದ್ದ. ಮೊದಲು ಗ್ಯಾಂಗಿನ ಆಳು, ಆಮೇಲೆ ಮೇಸ್ತ್ರಿ, ಕಡೆಯ ಮೂರು ವರ್ಷ ಸೂಪರ್‌ವೈಸರ್ ಜಾಗದಲ್ಲಿ ನಿಂತವನು. ಈಗ ಅರವತ್ತು ತುಂಬಿತ್ತು. ಶುಕ್ರವಾರ ಅವನಿಗೆ ಬೀಳ್ಕೊಡುಗೆ.

ಮ್ಯಾನೇಜರ್ ನಮುಕೊಲೊ ಖಡಾಖಂಡಿತವಾಗಿ ಹೇಳಿದ್ದಳು: "ನಿಮ್ಮ ಜಾಗಕ್ಕೆ ಯಾರು ಅಂತ ನೀವೇ ನೋಡಿ ಹೇಳಿ, ಯಜಮಾನ್ರೆ. ನಿಮ್ಮ ರುಜು ಇಲ್ಲದೆ ನಾನು ಯಾರನ್ನೂ ತಗೊಳ್ಳಲ್ಲ."

ಅಯ್ಯೋ, ಆ ರುಜು ಹಾಕುವುದು ಅಷ್ಟು ಸುಲಭವೇ! ಯಾಕೆಂದರೆ ಮೂರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಒಬ್ಬ ಸೂಪರ್‌ವೈಸರ್ ಕೂತಿದ್ದ. ಕಾಗದಪತ್ರ ಹಾಲಿನಷ್ಟು ಬೆಳ್ಳಗೆ. ಹಳಿ ನಡೆದು ನೋಡುವುದು ಬಿಟ್ಟು, ಮೇಜಿನ ಮುಂದೆ ಚಹಾ ಕುಡಿಯುತ್ತ ತಪಾಸಣೆಯ ಪುಸ್ತಕದಲ್ಲಿ "ನಡೆದು ನೋಡಿದೆ, ಸರಿ ಇದೆ" ಎಂದು ದಿನಾ ಬರೆಯುತ್ತಿದ್ದ ಭೂಪ. ಒಂದು ಮಧ್ಯಾಹ್ನ ಹದಿನಾಲ್ಕನೇ ಕಿಲೋಮೀಟರ್ ಕಲ್ಲಿನ ತಿರುವಿನಲ್ಲಿ ಗಾಡಿ ಹಳಿ ತಪ್ಪಿತು. ಬ್ರೇಕಿನ ಡಬ್ಬಿಯಲ್ಲಿದ್ದ ಲೊಂಬೆ ಸತ್ತ. ಲೊಂಬೆ ಕಬಾಸೊನ ಒಡಹುಟ್ಟಿದ ತಮ್ಮ. ಆ ಪುಸ್ತಕವನ್ನು ಎಲ್ಲರೆದುರು ತೆರೆದು "ಈ ರುಜುವೇ ನನ್ನ ತಮ್ಮನನ್ನು ಕೊಂದದ್ದು" ಎಂದು ಕೂಗಿ, ಆ ಸೂಪರ್‌ವೈಸರನ್ನು ಓಡಿಸಿದವನೂ ಕಬಾಸೊನೇ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಅಂದಿನಿಂದ ಅವನಿಗೆ ಬೆಳ್ಳಗಿರುವುದೆಲ್ಲ ವಿಷವೇ.

ಸಂದರ್ಶನಕ್ಕೆ ಬಂದವರು ಮೂವರು. ಒಬ್ಬ ಯಂತ್ರದ ವಿಷಯ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಇನ್ನೊಬ್ಬ ಕೂರುವ ಮೊದಲೇ ಕಂಪನಿ ಮನೆ ಯಾವುದು ಕೊಡುತ್ತೀರಿ ಎಂದು ಕೇಳಿದ. ಉಳಿದವನು ಜೆರೆ.

"ಎಲ್ಲಿಯವನಪ್ಪಾ?" ಕಬಾಸೊ ಕೇಳಿದ.

"ಚಿಪಾಟಾ ಕಡೆ. ಅಂಗೋನಿ."

ಕಬಾಸೊನ ಮುಖ ಅರಳಿತು. ಬೆಂಬಾ ಜನಕ್ಕೂ ಅಂಗೋನಿಗಳಿಗೂ ಚಿಂಬುಯ, ಅಂದರೆ ಬೈಗುಳದ ನೆಂಟಸ್ತಿಕೆ. ಅಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಬಡಿದಾಡಿದವರು, ಈಗ ಭಾವ-ಮೈದುನರ ಹಾಗೆ ಬಾಯಲ್ಲಿ ಬಡಿದಾಡುತ್ತಾರೆ. ಬಸ್ಸಿನಲ್ಲಿ ಸಿಗಲಿ, ಆಸ್ಪತ್ರೆಯಲ್ಲಿ ಸಿಗಲಿ, ಬೈಯದೆ ಬಿಡುವಂತಿಲ್ಲ, ಬೈಸಿಕೊಂಡು ಸಿಟ್ಟಾಗುವಂತಿಲ್ಲ. ಕಬಾಸೊ ಬೆಂಬಾ.

"ಓಹೋ, ಇಲಿ ತಿನ್ನೋರು!" ಎಂದ ಕಬಾಸೊ ಮೇಜು ತಟ್ಟಿ. "ಹಳಿ ಕೆಳಗೆ ಇಲಿ ಬಿಲ ಹುಡುಕ್ತಾ ಹುಡುಕ್ತಾನೇ ರೈಲ್ವೆ ಕೆಲಸ ಕಲಿತ್ಯೇನಯ್ಯಾ?"

ಅಂಗೋನಿಯಾದವನು ಉಸಿರು ತೆಗೆಯುವಷ್ಟರಲ್ಲಿ ತಿರುಗಿ ಕೊಡಬೇಕು. 'ನೀವು ಕೋತಿ ತಿನ್ನೋರು ಮರದಿಂದ ಇಳಿದಿದ್ದು ಯಾವಾಗ?' ಎನ್ನಬೇಕು. ಜೆರೆ, ಕಬಾಸೊನ ಪಕ್ಕ ಕೂತಿದ್ದ ಮ್ಯಾನೇಜರ್ ಮೇಡಮ್ಮಿನ ಕೈಯಲ್ಲಿದ್ದ ಪೆನ್ನು ನೋಡಿದ. ಆಮೇಲೆ, "ಹಾಗೇನಿಲ್ಲ ಸರ್" ಎಂದ.

ಸರ್ ಅಂತೆ, ಸರ್! ಕಬಾಸೊನ ನಗು ಅಲ್ಲೇ ಸತ್ತಿತು. ಅವನು ಕಾಗದ ತಿರುವಿಹಾಕಿದ. "ಇಲ್ಲೊಂದು ಹದಿನಾಲ್ಕು ತಿಂಗಳು ಮಾಯ ಆಗಿದೆಯಲ್ಲ, ಎಲ್ಲಿ ಹೋಯ್ತು?"

"ಮನೇಲಿದ್ದೆ ಸರ್."

"ಯಾಕೆ?"

"ಕೆಲಸ ಇರ್ಲಿಲ್ಲ ಸರ್."

ಅವನು ಹೊರಗೆ ಹೋದ ಮೇಲೆ ಕಬಾಸೊ ಮೇಜಿನ ಮೇಲೆ ಬಾಗಿದ. "ಮೇಡಮ್, ಇವನು ಅಂಗೋನಿನೇ ಅಲ್ಲ. ಹೆಸರು ಯಾರದ್ದೋ, ಕಾಗದ ಯಾರದ್ದೋ. ಆ ಹದಿನಾಲ್ಕು ತಿಂಗಳು ಜೈಲಲ್ಲಿದ್ದನೋ ಏನೋ."

ನಮುಕೊಲೊ ಪಶ್ಚಿಮದವಳು, ಲೋಜಿ ಕುಲದವಳು. ಈ ಬೈಗುಳದ ನೆಂಟಸ್ತಿಕೆ ಅವಳಿಗೆ ಎಂದೂ ಹಿಡಿಸಿರಲಿಲ್ಲ. "ಬೈಸ್ಕೊಂಡು ಮರ್ಯಾದೆಯಿಂದ ಇದ್ದ, ಅದು ತಪ್ಪಾ? ಚೆನ್ನಾಗಿದೆ ನಿಮ್ಮ ನ್ಯಾಯ!"

"ಬೈದ್ರೂ ಸುಮ್ಮನಿರೋ ಅಂಗೋನಿ ಅಂದ್ರೆ ನೀರಿಗೆ ಹೆದರೋ ಮೀನು, ಮೇಡಮ್. ಎಲ್ಲೋ ಏನೋ ಮುಚ್ಚಿಡ್ತಾ ಇದ್ದಾನೆ. ನಾಳೆ ಹಳಿ ಮೇಲೆ ಕರ್ಕೊಂಡು ಹೋಗ್ತೀನಿ, ಬಣ್ಣ ಬಯಲಾಗುತ್ತೆ."

ಬಣ್ಣ ಬಯಲು ಮಾಡಲು ಕಬಾಸೊ ಬೆಳಗ್ಗೆ ಎಲ್ಲರಿಗಿಂತ ಮೊದಲು ಟ್ರಾಲಿ ತಳ್ಳಿಸಿಕೊಂಡು ಹೋಗಿ, ಒಂಬತ್ತನೇ ಕಲ್ಲಿನ ಹತ್ತಿರ ಹಳಿಯ ಜೋಡಣೆಯ ಒಂದು ಬೋಲ್ಟನ್ನು ಎರಡು ಸುತ್ತು ಸಡಿಲಿಸಿ ಬಂದ. ನಿಜವಾದ ಹಳಿಯಾಳಾಗಿದ್ದರೆ ಹಿಡಿಯುತ್ತಾನೆ. ಸುಳ್ಳನಾಗಿದ್ದರೆ ದಾಟಿಹೋಗುತ್ತಾನೆ.

ಎಂಟನೇ ಕಲ್ಲಿನಿಂದ ಮೂರು ಜನ ನಡೆದರು. ಮುಂದೆ ಜೆರೆ, ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ, ಸೊಂಟದಲ್ಲಿ ಸ್ಪ್ಯಾನರ್. ಹಿಂದೆ ಕಬಾಸೊ. ಅವನ ಹಿಂದೆ ಬಾವುಟದ ಕಟ್ಟು ಹೊತ್ತ ಚಿಟುಂಡು, ಗ್ಯಾಂಗಿನಲ್ಲಿ ಇಪ್ಪತ್ತು ವರ್ಷದ ಹಳಬ.

ಜೆರೆ ಅಲ್ಲಲ್ಲಿ ಹಳಿಗೆ ಸುತ್ತಿಗೆ ತಾಗಿಸಿ ಕಿವಿಗೊಟ್ಟ. ಒಂಬತ್ತನೇ ಕಲ್ಲಿನಲ್ಲಿ ಇವರಿಗೆ ಬೆನ್ನು ಮಾಡಿ ಬಗ್ಗಿ ಬೂಟಿನ ದಾರ ಕಟ್ಟಿಕೊಂಡ, ಎದ್ದ, ಮುಂದೆ ಹೋದ.

ಸಿಕ್ಕಿಬಿದ್ದ! ಕಬಾಸೊ ಚಿಟುಂಡುವಿನ ತೋಳು ಚಿವುಟಿದ. "ನೋಡಿದ್ಯಾ? ಬೂಟಿನ ಮೇಲಿರೋ ಪ್ರೀತಿ ಬೋಲ್ಟಿನ ಮೇಲಿಲ್ಲ."

"ಸಣ್ಣಗೆ ಮಾತಾಡಿ ಮೇಸ್ತ್ರಿ, ಕೇಳಿಸ್ಕೊಂಡಾನು."

"ಕೇಳಿಸ್ಕೊಳ್ಳಲಿ. ನನ್ನ ರುಜು ಇವನಿಗೆ ಈ ಜನ್ಮದಲ್ಲಿ ಬೀಳಲ್ಲ."

ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಇವನೂ ಅಲ್ಲದಿದ್ದರೆ ಹಳಿಯನ್ನು ಯಾರ ಕೈಗೆ ಕೊಡುವುದು? ಆ ಸಂಜೆಯ ಎರಡು ಡಬ್ಬಿಗಳು, ಅದರ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುವ ಹೆಂಗಸರು, ಅವರ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಕೂಸುಗಳು, ಎಲ್ಲ ಕಣ್ಣಮುಂದೆ ಬಂದವು.

ಹನ್ನೊಂದರ ಹೊತ್ತಿಗೆ ಹದಿನಾಲ್ಕನೇ ಕಲ್ಲು ಬಂತು. ಅಲ್ಲಿ ಹಳಿಯ ತುಂಡುಗಳನ್ನು ಬೆಸೆದು ನೆಟ್ಟ ಶಿಲುಬೆ, ಅದರ ಮೇಲೆ ಲೊಂಬೆಯ ಹೆಸರು, ಸತ್ತ ತಾರೀಖು. ಕಬಾಸೊ ಟೊಪ್ಪಿ ತೆಗೆದು ಹಳಿ ಹಾಸಿದ ಕಟ್ಟೆಯಿಂದ ಕೆಳಗಿಳಿದ. ಚಿಟುಂಡುವೂ ಇಳಿದ. ಲೊಂಬೆಯನ್ನು ಮಣ್ಣು ಮಾಡಿದ ಮರುದಿನ ಕಬಾಸೊ ಹೀಗೆ ಇಳಿದಿದ್ದ, ತಮ್ಮನ ರಕ್ತ ಬಿದ್ದ ಜಾಗ ಹೇಗೆ ತುಳಿಯುವುದೆಂದು. ಮೇಸ್ತ್ರಿ ಇಳಿದದ್ದು ಕಂಡು ಗ್ಯಾಂಗಿನವರೆಲ್ಲ ಇಳಿದರು. ಅದೇ ಕಟ್ಟಳೆಯಾಗಿ ಹೋಯಿತು. ಮೂರು ವರ್ಷದಲ್ಲಿ ಕಟ್ಟೆಯ ಕೆಳಗೆ ಹುಲ್ಲು ಸವೆದು ಕಾಲ್ದಾರಿ ಬಿದ್ದಿತ್ತು. ಮೂವತ್ತು ಹೆಜ್ಜೆ ಕೆಳಗೆ ನಡೆದು, ಆಚೆ ಹತ್ತಿ, ಟೊಪ್ಪಿ ಹಾಕಿಕೊಳ್ಳುವುದು.

ಜೆರೆ ಇಳಿಯಲಿಲ್ಲ. ಕಾಲ್ದಾರಿ ನೋಡಿದ, ಹಳಿ ನೋಡಿದ, ಹಳಿ ಮೇಲೇ ಹೆಜ್ಜೆ ಇಟ್ಟ.

"ಏಯ್, ನಿಲ್ಲೋ! ಇಳಿ ಕೆಳಗೆ!" ಕಬಾಸೊನ ಮೈ ಉರಿದುಹೋಯಿತು. "ಅದು ನನ್ನ ತಮ್ಮ ಸತ್ತ ಜಾಗ ಕಣೋ!"

ಜೆರೆ ನಿಂತ. ಶಿಲುಬೆಯ ಕಡೆ ತಿರುಗಿ ಟೊಪ್ಪಿ ತೆಗೆದ, ಒಂದು ಗಳಿಗೆ ತಲೆ ತಗ್ಗಿಸಿದ. ಆಮೇಲೆ ಟೊಪ್ಪಿ ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈ ಇಟ್ಟು, ಇಡೀ ಕಾಡಿಗೆ ಕೇಳುವ ಹಾಗೆ ಕಿರುಚಿದ:

"ಏ ಕೋತಿ ತಿನ್ನೋನೇ! ಸತ್ತ ಮೇಲೂ ಹಳಿಗೆ ಅಡ್ಡ ಮಲಗಿದ್ದೀಯಲ್ಲೋ! ನೆಟ್ಟಗೆ ಮಲಗೋಕ್ಕೂ ಬರಲ್ವಾ ನಿಮ್ಮ ಬೆಂಬಾ ಜನಕ್ಕೆ? ಮೂರು ವರ್ಷದಿಂದ ನಿಮ್ಮಣ್ಣ ಕುರಿ ಹಾಗೆ ಸುತ್ತು ಹಾಕ್ತಾ ಇದ್ದಾನೆ, ನಾಚಿಕೆ ಆಗಲ್ವಾ? ಸರ್ಕೋ ಆಚೆ!"

ಚಿಟುಂಡುವಿನ ಕೈಯಿಂದ ಬಾವುಟದ ಕಟ್ಟು ಬಿತ್ತು. ಬೆಂಬಾ ಸಾವಿನಲ್ಲಿ ಹೀಗೆ ಕೂಗುವ ಹಕ್ಕು ಭೂಮಿಯ ಮೇಲೆ ಇರುವುದು ಅಂಗೋನಿಗೊಬ್ಬನಿಗೇ. ತೋಡಿದ ಗುಂಡಿಯಲ್ಲಿ ತಾನೇ ಮಲಗಿ 'ಏಳಲ್ಲ ಹೋಗಿ' ಎನ್ನುತ್ತಾನೆ, ಸತ್ತವನನ್ನು ಬೈದು ಅಳುವವರನ್ನು ನಗಿಸುತ್ತಾನೆ. ಲೊಂಬೆಯನ್ನು ಮಣ್ಣು ಮಾಡಿದ ದಿನ ಒಬ್ಬ ಅಂಗೋನಿಯೂ ಬಂದಿರಲಿಲ್ಲ. ಅಂದಿನ ಅಳು ನಗುವಾಗದೆ ಕಬಾಸೊನ ಎದೆಯಲ್ಲಿ ಹಾಗೇ ಹೆಪ್ಪುಗಟ್ಟಿತ್ತು.

ಜೆರೆ ಆಗಲೇ ಮಂಡಿಯೂರಿದ್ದ. ಹಳಿ ಕೆಳಗಿನ ಮರದ ಸ್ಲೀಪರಿಗೆ ಸುತ್ತಿಗೆ ಬಡಿದ. ಗಟ್ಟಿ ಮರ ಟಣ್ ಎನ್ನಬೇಕು. ಇದು ಹಳೇ ಡೋಲಿನ ಹಾಗೆ ಡಬ್ ಎಂದಿತು. ಮುಂದಿನದು ಡಬ್. ಅದರ ಮುಂದಿನದೂ ಡಬ್. ಸುತ್ತಿಗೆಯ ಮೂತಿ ತಿವಿದರೆ ಮರ ಒಳಗೆ ಕುಸಿದು ಗೆದ್ದಲು ಬುಳಬುಳನೆ ಹೊರಬಂತು.

"ಮೇಲೆ ಸಿಪ್ಪೆ ಮಾತ್ರ ಇದೆ, ಯಜಮಾನ್ರೆ. ಒಳಗೆಲ್ಲ ತಿಂದು ಮುಗಿಸಿವೆ. ಮೊಳೆ ಬೆರಳಲ್ಲೇ ಬರುತ್ತೆ, ನೋಡಿ." ಅವನು ಒಂದು ಮೊಳೆ ಕಿತ್ತು ಎತ್ತಿ ತೋರಿಸಿದ. "ಮುಂದಿನ ಗಾಡಿ ಎಷ್ಟೊತ್ತಿಗೆ?"

"ಹನ್ನೆರಡಕ್ಕೆ" ಎಂದ ಕಬಾಸೊ. "ಚಿಟುಂಡು! ಕೆಂಪು ಬಾವುಟ! ಓಡೋ, ಗಣಿ ಕಡೆ ಓಡು!"

ಚಿಟುಂಡು ಓಡಿದ. ಜೆರೆ ಒಂದೊಂದೇ ಬಡಿಯುತ್ತ ಎಣಿಸಿದ. ಹನ್ನೊಂದು ಸ್ಲೀಪರ್ ಟೊಳ್ಳು. ಎಲ್ಲವೂ ಆ ಮೂವತ್ತು ಹೆಜ್ಜೆಯೊಳಗೇ. ಈಚೆಗೂ ಗಟ್ಟಿ, ಆಚೆಗೂ ಗಟ್ಟಿ.

ಕಬಾಸೊ ಕಾಲ್ದಾರಿಯಲ್ಲೇ ಕೂತುಬಿಟ್ಟ. ಮೂರು ವರ್ಷ, ದಿನಾ, ತಪಾಸಣೆಯ ಪುಸ್ತಕದಲ್ಲಿ ಹದಿನಾಲ್ಕನೇ ಕಲ್ಲಿನ ಮುಂದೆ "ನಡೆದು ನೋಡಿದೆ, ಸರಿ ಇದೆ" ಎಂದು ತನ್ನ ಕೈಯಾರೆ ಬರೆದಿದ್ದ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ಅವನು ಊರವರ ತಟ್ಟೆಯ ನೊಣ ಹುಡುಕುತ್ತಿದ್ದ.

ದೂರದಲ್ಲಿ ಇಂಜಿನ್ ಕೂಗಿ ನಿಂತಿತು. ಚಿಟುಂಡು ತಲುಪಿದ್ದ. ಜೆರೆ ಬಂದು ಕಬಾಸೊನ ಪಕ್ಕ ಕೂತ.

ಆಗಲೂ ಕಬಾಸೊನ ಅನುಮಾನ ಬಿಡಲಿಲ್ಲ. ಈಗ ಬರುತ್ತೆ ವ್ಯಾಪಾರದ ಮಾತು, ಎಂದುಕೊಂಡ. ನೀವು ರುಜು ಹಾಕಿ, ನಾನು ಬಾಯಿ ಮುಚ್ಚಿಕೊಳ್ತೀನಿ, ಎನ್ನುತ್ತಾನೆ. ಶುಕ್ರವಾರದ ಬೀಳ್ಕೊಡುಗೆ, ಮೂವತ್ತೊಂದು ವರ್ಷದ ಹೆಸರು, ಎಲ್ಲ ಈ ಮಿಂಚುವ ಬೂಟಿನವನ ಕೈಯಲ್ಲಿ.

"ಒಂಬತ್ತನೇ ಕಲ್ಲಿನ ಬೋಲ್ಟ್ ಬಿಗಿ ಮಾಡಿದ್ದೀನಿ" ಎಂದ ಜೆರೆ. "ದಾರ ಕಟ್ಟೋ ನೆಪದಲ್ಲಿ. ಸ್ಪ್ಯಾನರ್ ಗುರುತು ಹೊಸದಾಗಿತ್ತು. ಯಾರೋ ಇಲಿ ಹಿಡಿಯೋಕೆ ಬೋನು ಇಟ್ಟಿದ್ದಾರೆ ಅಂತ ಗೊತ್ತಾಯ್ತು."

ಕಬಾಸೊ ತಲೆ ಎತ್ತಲಿಲ್ಲ. "ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ ಹಾಗಾದ್ರೆ?"

"ಹಳೇ ಕೆಲಸದಲ್ಲಿ ಒಬ್ಬ ದೊಡ್ಡ ಮನುಷ್ಯನ ಗಾಡಿಗೆ ಕೆಂಪು ಬಾವುಟ ತೋರ್ಸಿದೆ. ಹಳಿ ಬಿರುಕು ಬಿಟ್ಟಿತ್ತು. ಆಫೀಸಿಗೆ ಕರೆದ್ರು, ಇದ್ದದ್ದನ್ನ ಇದ್ದಹಾಗೆ ಹೇಳ್ದೆ. ಹದಿನಾಲ್ಕು ತಿಂಗಳು ಮನೇಲಿ ಕೂತೆ. ಅವತ್ತೇ ಆಣೆ ಮಾಡ್ದೆ, ಇನ್ಮೇಲೆ ಆಫೀಸಲ್ಲಿ ಸರ್ ಅಂತ ಬಿಟ್ಟು ಬೇರೆ ಮಾತಿಲ್ಲ ಅಂತ. ಈ ಬೂಟೂ ನಮ್ಮ ಭಾವನದ್ದು, ಕಾಲು ಕಚ್ಚುತ್ತೆ. ಇಂಟರ್‌ವ್ಯೂಗೆ ಅಂತ ಇಸ್ಕೊಂಡು ಬಂದೆ."

"ಈಗ ಏನ್ ಬೇಕು ನಿಂಗೆ?"

"ಪುಸ್ತಕ ಬೇಕು. ಈ ಹನ್ನೊಂದನ್ನೂ ಬರೀಬೇಕು, ಎಷ್ಟು ದಿನದಿಂದ ಯಾರೂ ನೋಡಿಲ್ಲ ಅನ್ನೋದನ್ನೂ. ನೀವು ಬರೀದಿದ್ರೆ ನಾನು ಬರೀತೀನಿ. ಕೆಲಸ ಕೊಟ್ರೂ ಬರೀತೀನಿ, ಕೊಡದಿದ್ರೂ ಬರೀತೀನಿ."

ಕಬಾಸೊ ಅವನ ಮುಖವನ್ನೇ ದಿಟ್ಟಿಸಿದ. ಎಲ್ಲಾದರೂ ಒಂದು ಎಳೆ ಮೋಸ ಸಿಕ್ಕೀತೇ ಎಂದು ಹುಡುಕಿದ. ಸಿಗಲಿಲ್ಲ.

"ಮಾನಗೆಟ್ಟ ಇಲಿ ತಿನ್ನೋನೇ" ಎಂದ.

"ಮುದಿ ಕೋತಿ ತಿನ್ನೋನೇ" ಎಂದ ಜೆರೆ, ಕಣ್ಣು ಮಿಟುಕಿಸದೆ.

ಕಬಾಸೊನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ, ನಗುತ್ತ ನಗುತ್ತ ಅಳು ಬಂತು, ಬಿಕ್ಕಿಬಿಕ್ಕಿ ಅತ್ತ. ಮೂರು ವರ್ಷ ಹೊರಬರದಿದ್ದದ್ದೆಲ್ಲ ಬಂತು. ಆಮೇಲೆ ಕಬಾಸೊ ಕೈಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲೆ ಬಿಡಿಸಿಕೊಂಡು ಬರೆದ: 'ಹದಿನಾಲ್ಕನೇ ಕಲ್ಲು. ಮೂರು ವರ್ಷದಿಂದ ನಾನು ಇಲ್ಲಿ ನಡೆದಿಲ್ಲ. ನೋಡಿದೆ ಎಂದು ಬರೆದದ್ದೆಲ್ಲ ಸುಳ್ಳು. ಇಂದು ಜೆರೆ ನಡೆದು ನೋಡಿದ. ಈ ಹಳಿ ಅವನಿಗೆ ಕೊಡಿ.' ಕೆಳಗೆ ರುಜು ಹಾಕಿದ. ಮೇಡಮ್ ಇದನ್ನು ಓದಿದ ಮೇಲೆ ಶುಕ್ರವಾರ ಬೀಳ್ಕೊಡುಗೆ ಇರುತ್ತದೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಪುಸ್ತಕವನ್ನು ಜೆರೆಯ ಕೈಗೆ ಕೊಟ್ಟು ಅವನ ಸುತ್ತಿಗೆ ಇಸಿದುಕೊಂಡ. ಮಂಡಿ ಹಿಡಿದುಕೊಂಡು ಕಟ್ಟೆ ಹತ್ತಿದ. ಹಳಿಯ ಅಂಚಿನಲ್ಲಿ ಕಾಲು ಒಮ್ಮೆ ತಡೆಯಿತು.

"ಲೊಂಬೆ, ಸ್ವಲ್ಪ ಕಾಲು ಮಡಚ್ಕೋಪ್ಪಾ" ಎಂದ ಮೆಲ್ಲಗೆ. "ನಾನು ನೋಡ್ಬೇಕು."

ಮೊದಲನೇ ಸ್ಲೀಪರಿನ ಮೇಲೆ ಕಾಲಿಟ್ಟು, ಬಗ್ಗಿ, ಸುತ್ತಿಗೆ ಬಡಿದ.